ಫಿಸಿಯೋ ಬಿಡ್ಲಾ ಬೇಡ್ವಾ ಅಂತ ನಾನು ಲೆಕ್ಕ ಹಾಕಿದ್ದು ಹೀಗೆ

ಪೆಲ್ವಿಕ್ ನೋವಿಗೆ, ಅಂದ್ರೆ ಕಿಬ್ಬೊಟ್ಟೆ, ಸೊಂಟದ ತಳದ ನೋವಿಗೆ, ಫಿಸಿಯೋ ಮಾಡಿಸ್ತಾ ಇರೋರಿಗೆ ಮಾತ್ರ ಇದು. ಟ್ರಿಗರ್ ಪಾಯಿಂಟ್ ಅಂದ್ರೇನು, ಇಂಟರ್ನಲ್ ವರ್ಕ್ ಅಂದ್ರೇನು ಅಂತೆಲ್ಲ ವಿವರಿಸಕ್ಕೆ ಹೋಗಲ್ಲ, ಮಾಡಿಸ್ಕೊಂಡೋರಿಗೆ ಗೊತ್ತು, ಮಾಡಿಸ್ಕೊಳ್ದೇ ಇರೋರಿಗೆ ಹೇಳಿದ್ರೂ ನಂಬಲ್ಲ. ಎಂಟು ಸೆಷನ್ ಆಗಿದೆ, ದುಡ್ಡು ಕರಗ್ತಿದೆ, ನೋವು ಹಾಗೇ ಇದೆ, ಈಗ ಏನ್ ಮಾಡೋದು? ಇದಕ್ಕೆ ನಾನು ಒಂದು ನೋಟ್‌ಬುಕ್ ಇಟ್ಕೊಂಡು ಉತ್ತರ ಹುಡುಕಿದ್ದು ನೋಡಿ ಮನೇಲೂ ನಕ್ರು, ಡಾಕ್ಟರೂ ನಕ್ರು. ಹೋದ ಸಲ ಹೋದಾಗ ಅದೇ ಡಾಕ್ಟರು ಆ ಪುಸ್ತಕದ ಫೋಟೋ ತಗೊಂಡ್ರು, ಅದಕ್ಕೇ ಬರೀತಿದೀನಿ.

ನಂದು ಪ್ರಾಸ್ಟಟೈಟಿಸ್, ಅಂದ್ರೆ ಪ್ರಾಸ್ಟೇಟ್ ಗ್ರಂಥಿಯ ಉರಿಯೂತ, ಅಂತ ಶುರುವಾದ ಕತೆ. ಬ್ಯಾಕ್ಟೀರಿಯಾ ಇದೆಯಾ ಅಂತ ನೋಡೋ ಕಲ್ಚರ್ ಪರೀಕ್ಷೇಲಿ ಏನೂ ಬೆಳೀಲಿಲ್ಲ, ಆದ್ರೂ ಆಂಟಿಬಯೋಟಿಕ್ ಮೂರೋ ನಾಲ್ಕೋ ಕೋರ್ಸ್ ನುಂಗಿದೆ, ಪ್ರತಿ ಸಲವೂ ಮೊದಲ ವಾರ ಹಾಯ್ ಅನಿಸೋದು, ಆಮೇಲೆ ಯಥಾಪ್ರಕಾರ. ಅಂಥ ಕೆಲವು ಮಾತ್ರೆಗಳಿಗೆ ಉರಿಯೂತ ಇಳಿಸೋ ಗುಣನೂ ಇದೆ ಅಂತ ಗೊತ್ತಾಗಿದ್ದು ತುಂಬಾ ತಡವಾಗಿ. ಬ್ಯಾಕ್ಟೀರಿಯಾ ಇಲ್ದೇ ಮೂರು ತಿಂಗಳು ದಾಟಿದ ನೋವನ್ನ ಮೂರನೇ ಕೆಟಗರಿಗೆ ಹಾಕ್ತಾರಲ್ಲ, ಅಮೆರಿಕದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ 1995ರಲ್ಲಿ ಮಾಡಿದ ವಿಂಗಡಣೆ, ಅದರಲ್ಲಿ ನಾನು. ಪ್ರಾಸ್ಟಟೈಟಿಸ್ ಅಂತ ಬರೋರಲ್ಲಿ ಹತ್ತಕ್ಕೆ ಒಂಬತ್ತು ಜನ ಇದೇ ಗುಂಪಿನೋರು, ಹಾಗಿದ್ರೂ ಕೈಗೆ ಸಿಗೋ ಚೀಟೀಲಿ ಮಾತ್ರ ಆಂಟಿಬಯೋಟಿಕ್ಕೇ.

ಮೊದಲನೇ ಫಿಸಿಯೋ ಪೂರ್ತಿ ನಷ್ಟ. ಬಿಸಿ ಪ್ಯಾಕು, ಒಂದು ಕರೆಂಟ್ ಮೆಷಿನ್ನು, ಆಮೇಲೆ ಕೀಗಲ್, ಅಂದ್ರೆ ಪೆಲ್ವಿಕ್ ತಳದ ಸ್ನಾಯು ಬಿಗಿ ಮಾಡೋ ವ್ಯಾಯಾಮ. ದಿನಕ್ಕೆ ಮೂರು ಸಲ, ಹತ್ತತ್ತು ಎಣಿಸಿ ಬಿಗಿಹಿಡಿ ಅಂದ್ರು, ನಾನೋ ಮಹಾ ಶಿಸ್ತಿನ ಮನುಷ್ಯ, ಐದು ಸಲ ಮಾಡಿದೆ. ಮೊದಲೇ ಮುಷ್ಟಿ ಥರ ಗಂಟು ಕಟ್ಕೊಂಡಿರೋ ಸ್ನಾಯುವನ್ನ ಇನ್ನೂ ಬಿಗಿ ಮಾಡಿದ್ರೆ ಏನಾಗುತ್ತೆ? ಕೂರಕ್ಕೇ ಆಗದಂಗಾಯ್ತು. ಮೂತ್ರಕೋಶದ ನೋವಿನೋರಿಗೆ ಈ ಥರ ಬಿಗಿ ಮಾಡೋ ವ್ಯಾಯಾಮ ಬೇಡ ಅಂತ ಅಮೆರಿಕದ ಯುರಾಲಜಿ ಸಂಘದ ಗೈಡ್‌ಲೈನ್ 2011ರಿಂದಲೂ ಹೇಳ್ತಾನೇ ಇದೆ, ನನಗೆ ಯಾರೂ ಹೇಳ್ಲಿಲ್ಲ ಅಷ್ಟೆ. ಹದಿನಾಲ್ಕು ಸೆಷನ್, ಅದೂ ಪ್ಯಾಕೇಜು ಅಂತ ಮುಂಗಡ ಕಟ್ಟಿದ್ದೆ, ಉಳಿದ ಆರು ಸೆಷನ್ ದುಡ್ಡು ವಾಪಸ್ ಬರ್ಲೇ ಇಲ್ಲ. ಈ ವಿಷಯದಲ್ಲಿ ನನ್ನ ಮಾತು ಒಂದೇ, ಪ್ಯಾಕೇಜ್ ತಗೋಬೇಡಿ. ಮೂರು ಮೂರು ಸೆಷನ್ನಿಗೆ ಕಟ್ಟಿ, ಒಂದಕ್ಕೆ ಸ್ವಲ್ಪ ಜಾಸ್ತಿ ಆದ್ರೂ ಪರವಾಗಿಲ್ಲ. ಕಟ್ಟಿದ ದುಡ್ಡು ಇದ್ರೆ ನಿರ್ಧಾರ ನಿಮ್ಮದಾಗಿರಲ್ಲ, ಅದು ದುಡ್ಡಿನ ನಿರ್ಧಾರ ಆಗ್ಬಿಡುತ್ತೆ.

ಎರಡನೇ ಥೆರಪಿಸ್ಟ್ ಹತ್ರ ಹೋಗೋ ಹೊತ್ತಿಗೆ ನಾನು ಇದರ ಮೇಲೆ ಸುಮಾರು ಎರಡು ತಿಂಗಳ ಸಂಬಳ ಸುರಿದಿದ್ದೆ. ಇವರು ಮೊದಲನೇ ದಿನ ಮುಕ್ಕಾಲು ಗಂಟೆ ಬರೀ ಪರೀಕ್ಷೆ ಮಾಡಿದ್ರು. ಗ್ಲೌಸ್ ಹಾಕಿದ ಬೆರಳು ಒಳಗೆ, ಗುದದ್ವಾರದಿಂದ ಎಡಗಡೆಗೆ, ಗಡಿಯಾರದ ಮೂರು ಗಂಟೆ ಜಾಗ ಅಂತ ಅವರೇ ಹೇಳ್ತಾ ನಿಧಾನಕ್ಕೆ ಒತ್ತಿದ್ರು, ಅಲ್ಲಿರೋ ಸ್ನಾಯು ಅಬ್ಟುರೇಟರ್ ಇಂಟರ್ನಸ್ ಅಂದ್ರು. ಒತ್ತಿದ್ದು ಅಲ್ಲಿ, ನೋವು ಬಂದಿದ್ದು ಶಿಶ್ನದ ತುದೀಲಿ. ಅದೇ ಉರಿ. ಎರಡು ವರ್ಷ ಮೂತ್ರನಾಳದ ಇನ್ಫೆಕ್ಷನ್ ಅಂತ ನಾನು ಅಂದ್ಕೊಂಡಿದ್ದ ಅದೇ ಉರಿ! "ಇದೇನಾ ನಿಮ್ಮ ನೋವು?" ಅಂದ್ರು, ನನಗೆ ಹೂಂ ಅನ್ನಕ್ಕೂ ಬಾಯಿ ಬರ್ಲಿಲ್ಲ, ಟೇಬಲ್ ಅಂಚು ಹಿಡ್ಕೊಂಡು ತಲೆ ಆಡಿಸಿದೆ.

ಅಂಥ ಆರಂಭ ಆದ್ಮೇಲೆ ಎಲ್ಲಾ ಸರಿಹೋಗುತ್ತೆ ಅಂದ್ಕೊಂಡೆ. ಎಲ್ಲಿ ಬಂತು. ಎಂಟು ವಾರ, ಎಂಟು ಸೆಷನ್, ಆ ಎನ್‌ಐಎಚ್ ಸ್ಕೋರ್ ಇದೆಯಲ್ಲ, ಒಂಬತ್ತು ಪ್ರಶ್ನೆ 43 ಅಂಕದ್ದು, ಜಾಸ್ತಿ ಇದ್ದಷ್ಟೂ ತೊಂದರೆ ಜಾಸ್ತಿ, ಅದರಲ್ಲಿ ನಾನು 27ರಿಂದ 25ಕ್ಕೆ ಇಳಿದಿದ್ದೆ. ಕಮ್ಮಿ ಅಂದ್ರೂ 6 ಇಳಿದ್ರೆ ಮಾತ್ರ ಸುಧಾರಣೆ ಅಂತ ಲೆಕ್ಕ. ನಮ್ಮ ಬಾವ ಅಂತೂ "ಹೊಳೇಲಿ ಹುಣಸೆಹಣ್ಣು ತೊಳೀತಿದೀಯ ಕಣೋ" ಅಂದ್ರು. ಡಾಕ್ಟರು ಮೆಲ್ಲಗೆ, ಮಾತ್ರೆ ಡೋಸ್ ಜಾಸ್ತಿ ಮಾಡೋಣ, ಫಿಸಿಯೋ ಸಾಕು ಅಂದ್ರು. ಹೆಂಡ್ತಿ ಏನೂ ಅನ್ಲಿಲ್ಲ, ಆದ್ರೆ ತಿಂಗಳ ಖರ್ಚಿನ ಪಟ್ಟಿ ಬರೆಯೋಳು ಅವಳೇ, ಆ ಪಟ್ಟೀಲಿ ಫಿಸಿಯೋ ಅನ್ನೋ ಸಾಲಿನ ಕೆಳಗೆ ಗೆರೆ ಎಳೆದಿದ್ಲು.

ಆಗ ಪುಸ್ತಕ ತೆಗೆದೆ. ಪಕ್ಕಾ ಲೆಕ್ಕದ ಮನುಷ್ಯ ನಾನು, ನೋವು ಹತ್ತಕ್ಕೆ ಎಷ್ಟು ಅನ್ನೋ ಪ್ರಶ್ನೆ ನನಗೆ ಮೊದಲಿಂದಲೂ ಆಗ್ತಿರ್ಲಿಲ್ಲ, ಸಂಜೆ ಸುಸ್ತಾಗಿದ್ರೆ 7 ಅಂತೀನಿ, ಒಳ್ಳೆ ನಿದ್ದೆ ಆಗಿದ್ರೆ 4 ಅಂತೀನಿ. ಅದರ ಬದ್ಲು ಮೂರೇ ಮೂರು ಬರೆದೆ. ಒಂದು, ಅದೇ ಮರದ ಕುರ್ಚಿ ಮೇಲೆ ಸ್ಟಾಪ್‌ವಾಚ್ ಹಾಕ್ಕೊಂಡು ಕೂತ್ರೆ ಎಷ್ಟು ನಿಮಿಷಕ್ಕೆ ನೋವು ಶುರುವಾಗುತ್ತೆ. ಎರಡು, ರಾತ್ರಿ ಎಷ್ಟು ಸಲ ಎದ್ದು ಮೂತ್ರಕ್ಕೆ ಹೋದೆ. ಮೂರು, ಒಂದು ಫ್ಲೇರ್, ಅಂದ್ರೆ ನೋವು ಕೆರಳಿ ಜೋರಾಗೋದು, ಬಂದ್ರೆ ಎಷ್ಟು ದಿನ ಇರುತ್ತೆ. ನನ್ನ ಮಟ್ಟಿಗೆ ಅಸಲಿ ಕೀಲಿ ಈ ಮೂರನೇದು, ಇದನ್ನ ಯಾರೂ ಕೇಳಲ್ಲ. ಫ್ಲೇರ್ ಬಂದಾಗ ನೋವು ಮೊದಲಿನಷ್ಟೇ ಜೋರು, ಅದಕ್ಕೇ ಸ್ಕೋರ್ ಇಳೀತಿರ್ಲಿಲ್ಲ. ಆದ್ರೆ ಮೊದಲು ಒಂಬತ್ತು ದಿನ ಇರ್ತಿದ್ದಿದ್ದು ಏಳಾಗಿತ್ತು, ಆಮೇಲೆ ಐದು, ಎಂಟನೇ ಸೆಷನ್ ಹೊತ್ತಿಗೆ ನಾಲ್ಕು. ಇವನ್ನ ಹಳೇ ರಜೆ ಚೀಟಿ, ಫೋನಿನ ಮೆಸೇಜು ಎಲ್ಲ ಕೆದಕಿ ಹಿಂದಕ್ಕೆ ಲೆಕ್ಕ ಹಾಕಿದ್ದು, ಒಂದೆರಡು ದಿನ ಆಚೀಚೆ ಇರಬಹುದು. ಕೂರೋದು 20 ನಿಮಿಷದಿಂದ 40ರ ಹತ್ರ ಬಂದಿತ್ತು. ಬಿಡಬಾರದು ಅಂತ ಅಲ್ಲೇ ನಿರ್ಧಾರ ಮಾಡಿದೆ.

ಇನ್ನೊಂದು ಧೈರ್ಯ ಬಂದಿದ್ದು 2012ರ ಒಂದು ಟ್ರಯಲ್ಲಿಂದ. ಮೂತ್ರಕೋಶದ ನೋವಿದ್ದ 81 ಹೆಂಗಸರ ಮೇಲೆ ಮಾಡಿದ್ದು, ಹತ್ತು ಸೆಷನ್, ಬಿಗಿ ಸ್ನಾಯುಗಳನ್ನ ಕೈಯಲ್ಲಿ ಒತ್ತಿ ಸಡಿಲ ಮಾಡೋ ಮಯೋಫೇಶಿಯಲ್ ಚಿಕಿತ್ಸೇಲಿ ಶೇ 59 ಜನ ಸುಧಾರಿಸ್ತು ಅಂದ್ರೆ ಬರೀ ಮೈ ಮಸಾಜಲ್ಲಿ ಶೇ 26. ನಾನು ಗಂಡಸು, ನನ್ನ ಕಾಯಿಲೆ ಸ್ವಲ್ಪ ಬೇರೆ, ಆದ್ರೂ ಎಂಟಕ್ಕೇ ಕೈಚೆಲ್ಲೋದು ಅವಸರ ಅನಿಸ್ತು. ಅದನ್ನೇ ತಿರುಗಿಸಿ ಓದಿದ್ರೆ ಹತ್ತರಲ್ಲಿ ನಾಲ್ಕು ಜನಕ್ಕೆ ಹತ್ತು ಸೆಷನ್ನಲ್ಲೂ ಆಗ್ಲಿಲ್ಲ, ಹಾಗಾಗಿ ಇಪ್ಪತ್ತು ಮೂವತ್ತು ಅಂತ ಕಣ್ಮುಚ್ಕೊಂಡು ಹೋಗೋದೂ ದಡ್ಡತನ.

ಹತ್ತು ಆದ್ಮೇಲೆ ನಾನು ಮಾಡಿದ್ದು ಥೆರಪಿಸ್ಟಿಗೂ ಇಷ್ಟ ಆಗ್ಲಿಲ್ಲ. ನಾಲ್ಕು ವಾರ ಬೇಕು ಬೇಕಂತಲೇ ನಿಲ್ಲಿಸ್ದೆ. ಮನೇಲಿ ಮಾಡೋ ಉಸಿರಾಟ, ಆಳದ ಸ್ಕ್ವಾಟ್, ಆನಂದ ಬಾಲಾಸನ ಎಲ್ಲಾ ಮೊದಲಿನಷ್ಟೇ, ಒಂದು ನಿಮಿಷ ಹೆಚ್ಚಿಲ್ಲ ಕಮ್ಮಿ ಇಲ್ಲ, ಮಾತ್ರೆನೂ ಅದೇ. ಬದಲಾಗಿದ್ದು ಸೆಷನ್ ಒಂದೇ. ಎರಡು ವಾರ ಏನೂ ಆಗ್ಲಿಲ್ಲ, ಅಯ್ಯೋ ಇಷ್ಟು ದಿನ ಸುಮ್ನೆ ದುಡ್ಡು ಕೊಟ್ನಲ್ಲಪ್ಪಾ ಅಂತ ಹೊಟ್ಟೆ ಉರೀತು. ಮೂರನೇ ವಾರ ಕೂರೋದು 55ರಿಂದ 35ಕ್ಕೆ ಬಿತ್ತು, ಒಂದು ಫ್ಲೇರ್ ಬಂದು ಆರು ದಿನ ಕೂತ್ಕೊಂಡ್ತು. ವಾಪಸ್ ಹೋದೆ, ಎರಡೇ ಸೆಷನ್ನಿಗೆ ಮತ್ತೆ ಮೊದಲಿನ ಜಾಗಕ್ಕೆ ಬಂದೆ. ಥೆರಪಿಸ್ಟ್ ಕೈ ಕೆಲಸ ಮಾಡ್ತಿದೆ, ನನ್ನ ಮನೆಪಾಠ ಒಂದೇ ಸಾಲಲ್ಲ ಅಂತ ಬಾವನಿಗೆ ತೋರಿಸಕ್ಕೆ ಆ ಪುಟ ಸಾಕಾಯ್ತು.

ಮಧ್ಯೆ ಸೈಡಲ್ಲಿ ಏನೇನೋ ಮಾಡಿದೀನಿ. ಟೆನಿಸ್ ಚೆಂಡಿನ ಮೇಲೆ ಕೂತು ಉಜ್ಜಿದ್ದು, ಮಾರನೇ ದಿನ ನೀಲಿಗಟ್ಟಿ ನಾಲ್ಕು ದಿನ ನಿಂತೇ ಕೆಲಸ. ಹಳೇ ಫೋಮ್ ದಿಂಬನ್ನ ಬಾಲಮೂಳೆ ಜಾಗಕ್ಕೆ ಚಾಕೂಲಿ ಕೊರೆದು ಸೀಟ್ ಮಾಡ್ಕೊಂಡೆ, ದುಬಾರಿ ಕುಶನ್ನಿಗಿಂತ ಅದೇ ಚೆನ್ನಾಗಿದೆ, ಇವತ್ತೂ ಅದರ ಮೇಲೇ ಕೂತಿದೀನಿ. ಆರು ವಾರ ಕಾಫಿ ಬಿಟ್ಟೆ, ರಾತ್ರಿ ಏಳೋದು ಮೂರರಿಂದ ಎರಡಾಯ್ತು, ನೋವಿಗೆ ಏನೂ ಆಗ್ಲಿಲ್ಲ, ಮತ್ತೆ ಕುಡೀತಿದೀನಿ. ಒಳಗಿನ ಸ್ನಾಯು ನಾವೇ ಒತ್ಕೊಳ್ಳೋ ಬಾಗಿದ ಕೋಲು, ವಾಂಡ್ ಅಂತಾರೆ, ತಗೊಂಡೆ, ಅದನ್ನ ಥೆರಪಿಸ್ಟ್ ಎದುರಲ್ಲೇ ಎರಡು ಸಲ ಕಲಿತು ಆಮೇಲೆ ಮನೇಲಿ ಬಳಸಿದ್ದು, ನೇರ ಮನೇಲಿ ಶುರು ಮಾಡೋರಿಗೆ ಕೈ ಮುಗೀತೀನಿ, ಆ ಭಾಗದ ಮುಖ್ಯ ನರ, ಪ್ಯುಡೆಂಡಲ್ ನರ, ಅಲ್ಲೇ ಇದೆ. ಆಮೇಲೆ ದವಡೆ. ಹಲ್ಲು ಕಚ್ಚಿ ಕೆಲಸ ಮಾಡೋವಾಗೆಲ್ಲ ಕೆಳಗೂ ಬಿಗಿಯಾಗೋದು ಗೊತ್ತಾಗಿ ಫೋನಲ್ಲಿ ಗಂಟೆಗೊಂದು ಅಲಾರಂ ಇಟ್ಟೆ, ಬರೀ ಬಾಯಿ ಸಡಿಲ ಬಿಡಕ್ಕೆ. ಪುಕ್ಕಟೆ ಉಪಾಯ, ಆದ್ರೆ ನನಗೆ ಅರ್ಧ ಸೆಷನ್ನಿನಷ್ಟು ಕೆಲಸ ಮಾಡ್ತು. ಇನ್ನೊಂದು ಇದೆ, ಮಲಗೋ ಮುಂಚೆ ಗೋಡೆಗೆ ಕಾಲಿಟ್ಟು ಮಾಡೋದು, ಅದನ್ನ ಇಲ್ಲಿ ಬರೆಯಲ್ಲ, ನನ್ನ ಸೊಂಟದ ಓರೆಗೆ ಅಂತ ಹೊಂದಿಸ್ಕೊಂಡಿದ್ದು, ಬೇರೆಯೋರು ಮಾಡಿ ಬೈದ್ರೆ ಕಷ್ಟ.

ಆಮೇಲೆ ಹದಿನೈದು ದಿನಕ್ಕೊಮ್ಮೆ, ಮೂರು ವಾರಕ್ಕೊಮ್ಮೆ, ತಿಂಗಳಿಗೊಮ್ಮೆ ಅಂತ ದೂರ ಮಾಡ್ತಾ ಹೋದೆ. ಹತ್ತೊಂಬತ್ತನೇದೋ ಇಪ್ಪತ್ತನೇದೋ ಆದ್ಮೇಲೆ ಇನ್ನೊಂದು ಸಲ ನಿಲ್ಲಿಸಿ ನೋಡಿದೆ, ಈ ಸಲ ಆರು ವಾರ ಆದ್ರೂ ಮೂರೂ ಲೆಕ್ಕ ಅಲ್ಲಾಡ್ಲಿಲ್ಲ. ಅಲ್ಲಿಗೆ ನಿಯಮಿತ ಸೆಷನ್ ಬಂದ್. ಸ್ಕೋರ್ ಈಗ 13, 14ರ ಆಸುಪಾಸು.

ನನ್ನ ಚಿಕ್ಕಮ್ಮನ ಮಗಳು, ನನಗೆ ಅಕ್ಕ ಆಗ್ಬೇಕು, ಅವಳಿಗೂ ಇದೇ ಪುಸ್ತಕ ಹಾಕ್ಕೊಟ್ಟೆ. ಅವಳಿಗೆ ಹತ್ತು ಸೆಷನ್ ಆದ್ರೂ ಮೂರೂ ಲೆಕ್ಕ ಒಂದಿಂಚು ಕದಲ್ಲಿಲ್ಲ, ಅದರ ಮೇಲೆ ಪ್ರತಿ ಸೆಷನ್ ಆದ್ಮೇಲೂ ಮೂರು ದಿನ ಮಲಗೋ ಪರಿಸ್ಥಿತಿ, ಆ ಥೆರಪಿಸ್ಟ್ ಒಂದು ಸಲವೂ ಮತ್ತೆ ಪರೀಕ್ಷೆ ಮಾಡಿ ಪ್ಲಾನ್ ಬದಲಾಯಿಸ್ಲಿಲ್ಲ. "ನೀನ್ ಬಿಡ್ಲಿಲ್ವಲ್ಲೋ, ನಾನ್ಯಾಕೆ ಬಿಡ್ಲಿ" ಅಂತ ಹಟ ಹಿಡಿದ್ಲು. ಅಕ್ಕಾ, ನನ್ನ ಪುಟ ನೋಡ್ಬೇಡ ನಿನ್ನ ಪುಟ ನೋಡು ಅಂದೆ. ಒಳಗೆ ಬೆರಳು ಹಾಕಿ ಮಾಡೋ ಇಂಟರ್ನಲ್ ವರ್ಕ್ ಇವತ್ತು ಬೇಡ ಅಂತ ನಡುವೆ ಯಾವಾಗ ಬೇಕಾದ್ರೂ ಹೇಳಬಹುದು ಅನ್ನೋದು ಕೂಡ ಅವಳಿಗೆ ಗೊತ್ತಿರ್ಲಿಲ್ಲ. ನಿಲ್ಲಿಸಿ ಗೈನಕಾಲಜಿಸ್ಟ್ ಹತ್ರ ಹೋದ್ಲು, ಹೊಟ್ಟೆಯೊಳಗೆ ಕ್ಯಾಮೆರಾ ಬಿಟ್ಟು ನೋಡೋ ಲ್ಯಾಪ್ರೋಸ್ಕೋಪಿ ಮಾಡಿದಾಗ ಎಂಡೋಮೆಟ್ರಿಯೋಸಿಸ್, ಅಂದ್ರೆ ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯೋ ಕಾಯಿಲೆ, ಸಿಕ್ತು. ಅದಕ್ಕೆ ಚಿಕಿತ್ಸೆ ಆದ್ಮೇಲೆ ಈಗ ಬೇರೆಯೋರ ಹತ್ರ ಫಿಸಿಯೋ ಹೊಸದಾಗಿ ಶುರು ಮಾಡಿದಾಳೆ, ಹೊಸ ಪುಸ್ತಕ, ಮೂರೂ ಲೆಕ್ಕ ಮೊದಲಿಂದ. ಮೂತ್ರದಲ್ಲಿ ರಕ್ತ, ಜ್ವರ, ಕಾರಣ ಇಲ್ದೇ ತೂಕ ಇಳಿಯೋದು, ತೊಡೆ ಸಂದೀಲಿ ಮರಗಟ್ಟೋದು ಇದ್ರೆ ಅಂತೂ ಪುಸ್ತಕನೂ ಬೇಡ ಫಿಸಿಯೋನೂ ಬೇಡ, ಮೊದಲು ಡಾಕ್ಟರ ಹತ್ರ ಓಡಿ.

ನಂದು ಮುಂದಿನ ಸೆಷನ್ ಮೂರು ತಿಂಗಳ ಗ್ಯಾಪಿನದು, ಬರೋ ತಿಂಗಳಿದೆ. ಹೋದ ಭಾನುವಾರ ಕುರ್ಚಿ ಮೇಲೆ ಒಂದೂಕಾಲು ಗಂಟೆ ಕೂತಿದ್ದೆ, ಅಷ್ಟರಿಂದ ಕೆಳಗಿಳೀದಿದ್ರೆ ಫೋನ್ ಮಾಡಿ ಅದನ್ನೂ ಮುಂದಕ್ಕೆ ಹಾಕಿಸ್ತೀನಿ.