ದೊಡ್ಡಜ್ಜನ ಸಮವಸ್ತ್ರ ಮತ್ತು ಪದಕಗಳನ್ನು ಒಟ್ಟುಗೂಡಿಸಿದ ನನ್ನ ಅನುಭವ

ಎರಡನೇ ಮಹಾಯುದ್ಧ ಮುಗಿಯುವ ವೇಳೆಗೆ ಭಾರತೀಯ ಸೇನೆಯಲ್ಲಿ ಸುಮಾರು 25 ಲಕ್ಷ ಜನರಿದ್ದರು. ಅವರಲ್ಲೊಬ್ಬರು ನನ್ನ ತಾತನ ಅಣ್ಣ. ನಾವೆಲ್ಲ ಅವರನ್ನು ದೊಡ್ಡಜ್ಜ ಎಂದೇ ಕರೆಯುತ್ತಿದ್ದೆವು. ಕೋಲಾರದ ಕಡೆಯ ಹಳ್ಳಿಯಿಂದ ಬೆಂಗಳೂರಿಗೆ ಬಂದು ಸೇನೆಯ ಎಂಜಿನಿಯರಿಂಗ್ ದಳವಾದ ಮದ್ರಾಸ್ ಸ್ಯಾಪರ್ಸ್ ಸೇರಿದ ಅವರು ಬಡಗಿ ಕೆಲಸದಲ್ಲಿ ಪಳಗಿ, ಬರ್ಮಾದಲ್ಲಿ ಜಪಾನಿಯರ ವಿರುದ್ಧ ಹೋರಾಡಿದ ಬ್ರಿಟಿಷರ 14ನೇ ಸೇನೆಯೊಂದಿಗಿದ್ದು, ಸ್ವಾತಂತ್ರ್ಯ ಬಂದ ಮೇಲೂ ಸೇವೆಯಲ್ಲಿ ಮುಂದುವರಿದು, ಹವಾಲ್ದಾರರಾಗಿ ನಿವೃತ್ತರಾದರು. ಅವರು ತೀರಿಕೊಂಡ ನಂತರ ಅವರ ವಸ್ತುಗಳು ಮಕ್ಕಳ, ಸೊಸೆಯಂದಿರ, ತಂಗಿಯರ ಮನೆಗಳಿಗೆ ಹಂಚಿಹೋಗಿದ್ದವು. ಅವನ್ನು ಹುಡುಕಿ, ಗುರುತಿಸಿ, ಕೆಡದಂತೆ ಕಾಪಾಡುವ ಕೆಲಸವನ್ನು ನಾನು ಹೇಗೆ ಮಾಡಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆರಂಭದಲ್ಲೇ ಒಂದು ನಿಯಮವನ್ನು ಹಾಕಿಕೊಂಡೆ: ಅವರ ಮೈಮೇಲೆ ಅಥವಾ ಅವರ ಟ್ರಂಕಿನಲ್ಲಿ ಇದ್ದದ್ದು ಮಾತ್ರ ಈ ಸಂಗ್ರಹಕ್ಕೆ ಸೇರಬೇಕು. ಅಂಥದೇ ಪದಕಗಳು, ಅಂಥದೇ ಬ್ಯಾಡ್ಜುಗಳು ಹಳೆಯ ಸಾಮಾನು ಮಾರುವವರಲ್ಲಿ ಸುಲಭವಾಗಿ ಸಿಗುತ್ತವೆ. ಹಣ ಕೊಟ್ಟು ಖಾಲಿ ಜಾಗಗಳನ್ನು ತುಂಬಿಸಿಬಿಟ್ಟರೆ ನೋಡುವವರ ಕಣ್ಣಿಗೆ ಸಂಗ್ರಹವೇನೋ ಪೂರ್ಣವಾಗಿ ಕಾಣುತ್ತದೆ. ಆದರೆ ಒಂದು ತಲೆಮಾರು ಕಳೆಯುವಷ್ಟರಲ್ಲಿ ಯಾವುದು ಅವರದು, ಯಾವುದು ಅಂಗಡಿಯದು ಎಂದು ಹೇಳಬಲ್ಲವರು ಮನೆಯಲ್ಲಿ ಯಾರೂ ಉಳಿದಿರುವುದಿಲ್ಲ.

ಮೊದಲು ಸಿಕ್ಕಿದ್ದು ಪದಕಗಳು. ಅವು ದೊಡ್ಡಜ್ಜನ ಮಗಳ ಮನೆಯಲ್ಲಿ, ದೇವರ ಕೋಣೆಯ ಪೆಟ್ಟಿಗೆಯಲ್ಲಿ, ಒಂದೇ ಪಟ್ಟಿಗೆ ಹೊಲಿದ ಸ್ಥಿತಿಯಲ್ಲೇ ಇದ್ದವು: 1939–45 ಸ್ಟಾರ್, ಬರ್ಮಾ ಸ್ಟಾರ್, ವಾರ್ ಮೆಡಲ್ ಮತ್ತು ಭಾರತ ಸ್ವಾತಂತ್ರ್ಯ ಪದಕ. ಆರು ಮೂಲೆಯ ಸ್ಟಾರ್‌ಗಳನ್ನು ಸಾಮಾನ್ಯವಾಗಿ ಹೆಸರು ಕೆತ್ತದೆಯೇ ಹಂಚಲಾಗಿತ್ತಾದ್ದರಿಂದ, ಅವುಗಳ ಹಿಂಬದಿಯನ್ನು ಎಷ್ಟು ಪರೀಕ್ಷಿಸಿದರೂ ಅವು ಯಾರವೆಂದು ತಿಳಿಯುವುದಿಲ್ಲ. ಮೊದಲನೇ ಮಹಾಯುದ್ಧದ ಪದಕಗಳ ಅಂಚಿನಲ್ಲಿ ಸೈನಿಕನ ಸಂಖ್ಯೆ, ಹೆಸರು, ದಳ ಎಲ್ಲವೂ ಇರುತ್ತವೆ; ಎರಡನೆಯದರಲ್ಲಿ ಆ ಅನುಕೂಲವಿಲ್ಲ. ನಮ್ಮ ಕೈ ಹಿಡಿದದ್ದು ಸ್ವಾತಂತ್ರ್ಯ ಪದಕ. 1947ರ ಆಗಸ್ಟ್ 15ರಂದು ಸೇವೆಯಲ್ಲಿದ್ದವರಿಗೆ ಕೊಟ್ಟ ಈ ಪದಕದ ಅಂಚಿನಲ್ಲಿ ದೊಡ್ಡಜ್ಜನ ಸಂಖ್ಯೆಯೂ ಹೆಸರೂ ಸ್ಪಷ್ಟವಾಗಿದ್ದವು. ಅಶೋಕ ಚಕ್ರದ ಮೇಲೆ ಬ್ರಿಟಿಷ್ ಕಿರೀಟ, ಸುತ್ತ ಆರನೇ ಜಾರ್ಜ್ ದೊರೆಯ ಬಿರುದು, ಹಿಂಬದಿಯಲ್ಲಿ ಅಶೋಕ ಸ್ತಂಭದ ಸಿಂಹಗಳು: ಎರಡು ಆಳ್ವಿಕೆಗಳ ನಡುವೆ ನಿಂತು ಸೇವೆ ಸಲ್ಲಿಸಿದವರ ಸ್ಥಿತಿಯನ್ನು ಇಷ್ಟು ನೇರವಾಗಿ ತೋರಿಸುವ ಇನ್ನೊಂದು ವಸ್ತುವನ್ನು ನಾನು ಕಂಡಿಲ್ಲ. ಹೆಸರಿರುವ ಈ ಪದಕದೊಂದಿಗೆ ಹೆಸರಿಲ್ಲದ ಮೂರೂ ಒಂದೇ ಹಳೆಯ ದಾರದಲ್ಲಿ ಹೊಲಿಯಲ್ಪಟ್ಟಿದ್ದರಿಂದಲೇ ಅವು ಅವರವೆಂದು ನಂಬುತ್ತೇನೆ. ಆದ್ದರಿಂದ ಆ ಹೊಲಿಗೆಯನ್ನು ಬಿಚ್ಚಲು ಯಾರಿಗೂ ಬಿಡಲಿಲ್ಲ. ರಿಬ್ಬನ್ ಮಾಸಿದೆ, ಹೊಸದು ಹಾಕಿಸೋಣ ಎಂದು ಮನೆಯವರು ಹೇಳಿದಾಗಲೂ ಒಪ್ಪಲಿಲ್ಲ.

ಪದಕ ಕೊಡುವ ನಿಯಮಗಳನ್ನು ತಿಳಿದುಕೊಂಡದ್ದರಿಂದ ಬಹಳ ಉಪಯೋಗವಾಯಿತು. ಬರ್ಮಾ ಸ್ಟಾರ್‌ಗೆ ಸಲ್ಲುವ ಅವಧಿ 1941ರ ಡಿಸೆಂಬರ್ 11ರಿಂದ 1945ರ ಸೆಪ್ಟೆಂಬರ್ 2ರವರೆಗೆ. ಭಾರತದೊಳಗೇ ಮೂರು ವರ್ಷ ಸೇವೆ ಸಲ್ಲಿಸಿದವರಿಗೆ ಇಂಡಿಯಾ ಸರ್ವಿಸ್ ಮೆಡಲ್ ಇತ್ತು. ಆದರೆ ಡಿಫೆನ್ಸ್ ಮೆಡಲ್ ಪಡೆದವರಿಗೆ ಅದು ಸಲ್ಲುತ್ತಿರಲಿಲ್ಲ. ಒಬ್ಬ ವ್ಯಾಪಾರಿ ನನಗೆ "ಒಬ್ಬರೇ ಸಿಪಾಯಿಯ ಪೂರ್ತಿ ಸೆಟ್" ಎಂದು ತೋರಿಸಿದ್ದರಲ್ಲಿ ಈ ಎರಡೂ ಅಕ್ಕಪಕ್ಕದಲ್ಲಿದ್ದವು. ಅದು ಬೇರೆ ಬೇರೆಯವರ ಪದಕಗಳನ್ನು ಕೂಡಿಸಿ ಮಾಡಿದ್ದೆಂದು ತಿಳಿಯಲು ಇನ್ನೇನೂ ಬೇಕಾಗಲಿಲ್ಲ.

ಅಂಚಿನಲ್ಲಿದ್ದ ಸಂಖ್ಯೆ ಸಿಕ್ಕಿದ ಮೇಲೆ ಕಾಗದಪತ್ರಗಳ ಕಡೆಗೆ ಹೋದೆ. ಸಾಮಾನ್ಯ ಸೈನಿಕರ ಸೇವಾ ದಾಖಲೆಗಳು ಆಯಾ ದಳದ ರೆಕಾರ್ಡ್ ಆಫೀಸಿನಲ್ಲಿರುತ್ತವೆ. ಮದ್ರಾಸ್ ಸ್ಯಾಪರ್ಸ್‌ನ ಕೇಂದ್ರ ಬೆಂಗಳೂರಿನಲ್ಲೇ, ಹಲಸೂರು ಕೆರೆಯ ಹತ್ತಿರವಿದೆ. ಅರ್ಜಿಯನ್ನು ನಾನು ಬರೆಯದೆ, ವಾರಸುದಾರರಾದ ಅವರ ಮಗಳ ಸಹಿಯಲ್ಲಿ, ಪಿಂಚಣಿ ಪುಸ್ತಕದ ನಕಲು ಸೇರಿಸಿ ಕಳುಹಿಸಿದೆವು.

ಅತಿ ಹೆಚ್ಚು ಸಮಯ ತೆಗೆದುಕೊಂಡದ್ದು ಹಸಿರು ಬುಷ್ ಶರ್ಟ್. ಯುದ್ಧದ ಮೊದಲ ವರ್ಷಗಳಲ್ಲಿ ಖಾಕಿ ತೊಡುತ್ತಿದ್ದ ಸೇನೆ ಬರ್ಮಾದ ಕಾಡಿನಲ್ಲಿ ಅದು ದೂರಕ್ಕೇ ಎದ್ದು ಕಾಣುತ್ತದೆಂದು ಕಂಡುಕೊಂಡು ಹಸಿರಿಗೆ ಬದಲಾಯಿತು. ಈ ಶರ್ಟು ಹೊರಗೆ ಬೂದಿ ಬಣ್ಣಕ್ಕೆ ತಿರುಗಿದ್ದರೂ ಒಳಗಿನ ಹೊಲಿಗೆಯ ಮಡಿಕೆಗಳಲ್ಲಿ ಮೂಲದ ಹಸಿರು ಉಳಿದಿತ್ತು. ಕಾಲರಿನ ಒಳಗೆ ಬಾಣದ ಗುರುತು, ಅದರ ಕೆಳಗೆ ಇಂಗ್ಲಿಷಿನ 'ಐ' ಅಕ್ಷರ ಮಸುಕಾಗಿ ಕಾಣುತ್ತಿತ್ತು. ಅದು ಭಾರತದಲ್ಲಿ ತಯಾರಾದ ಸರ್ಕಾರಿ ಮಾಲಿನ ಮುದ್ರೆ. ಬೆಳಕನ್ನು ಒಂದು ಪಕ್ಕದಿಂದ ಬಿಟ್ಟು ನೋಡಿದಾಗ ತೋಳಿನ ಮೇಲೆ ಗುರಾಣಿಯ ಆಕಾರದ, ಸುತ್ತಲಿಗಿಂತ ಗಾಢವಾದ ಒಂದು ಜಾಗವೂ, ಅದರ ಅಂಚಿನುದ್ದಕ್ಕೂ ಕೈಹೊಲಿಗೆಯ ಸಣ್ಣ ರಂಧ್ರಗಳೂ ಕಂಡವು. ಅಲ್ಲಿದ್ದ ಬಟ್ಟೆಯ ಬ್ಯಾಡ್ಜನ್ನು ಯಾವಾಗಲೋ ಬಿಚ್ಚಲಾಗಿದೆ. 14ನೇ ಸೇನೆಯ ಚಿಹ್ನೆ ಗುರಾಣಿಯ ಮೇಲೆ ಮೊನೆ ಕೆಳಗಾದ ಖಡ್ಗ. ಬರ್ಮಾವನ್ನು ಉತ್ತರದಿಂದ ಇಳಿದು ಗೆಲ್ಲಬೇಕಾಗಿದ್ದುದರಿಂದ ಆ ಸೇನೆಯ ದಂಡನಾಯಕ ಜನರಲ್ ಸ್ಲಿಮ್ ಅದನ್ನು ಹಾಗೆ ತಲೆಕೆಳಗಾಗಿ ಇರಿಸಿದ್ದರು. ಕಾಗದದ ಮೇಲೆ ಅಳತೆ ತೆಗೆದು ಹೋಲಿಸಿದಾಗ ಆಕಾರ ಹೊಂದಿತು. ಅಂಥ ಬ್ಯಾಡ್ಜನ್ನು ಕೊಂಡು ಅದೇ ರಂಧ್ರಗಳಲ್ಲಿ ಹೊಲಿಸಿದರೆ ಶರ್ಟು ನೋಡಲು ಸೊಗಸಾಗುತ್ತಿತ್ತು. ನಾನು ಹೊಲಿಸಲಿಲ್ಲ, ಏಕೆಂದರೆ ಆ ಖಾಲಿ ಜಾಗವೇ ಇಲ್ಲಿ ಸಾಕ್ಷಿ, ಮತ್ತು ಆಕಾರ ಹೊಂದಿದ್ದರಿಂದ ನಮಗೆ ದೊರೆತದ್ದು ಬಲವಾದ ಊಹೆಯೇ ಹೊರತು ಪೂರ್ಣ ಪುರಾವೆಯಲ್ಲ.

ಹಿತ್ತಾಳೆಯ ಟೋಪಿ ಬ್ಯಾಡ್ಜು ಮತ್ತು ಗುಂಡಿಗಳ ಕಾಲವನ್ನು ಕಿರೀಟ ನೋಡಿ ನಿರ್ಧರಿಸಿದೆ. 1950ರ ಜನವರಿ 26ರ ನಂತರ ಭಾರತೀಯ ಸೇನೆಯ ಚಿಹ್ನೆಗಳಲ್ಲಿ ಕಿರೀಟದ ಜಾಗಕ್ಕೆ ಅಶೋಕ ಸಿಂಹ ಬಂತು. ನಮ್ಮಲ್ಲಿ ಎರಡೂ ಬಗೆಯವು ಇವೆ. ಹಬ್ಬದ ದಿನ ದೇವರ ಪಾತ್ರೆಗಳ ಜೊತೆ ಇವನ್ನೂ ಹುಣಸೆಹಣ್ಣು ಹಚ್ಚಿ ಬೆಳಗುವ ರೂಢಿ ಮನೆಯಲ್ಲಿತ್ತು. ಅದನ್ನು ನಿಲ್ಲಿಸಲು ಅವರ ಸೊಸೆಗೆ, "ಅಕ್ಕಾ, ಮಾವನವರು ಪಾಲಿಶ್ ಮಾಡಿ ಸವೆಸಿದ್ದು ಅವರ ಗುರುತು, ಇನ್ನು ನಾವು ಸವೆಸುವುದು ಬೇಡ" ಎಂದು ಹೇಳಬೇಕಾಯಿತು. ಗೌರವದಿಂದಲೇ ಮಾಡುತ್ತಿದ್ದ ಕೆಲಸವಾದ್ದರಿಂದ ಅದನ್ನು ಆಕ್ಷೇಪಿಸುವುದು ಸುಲಭವಿರಲಿಲ್ಲ. ಅವರು ಅರ್ಥ ಮಾಡಿಕೊಂಡರು. ಚರ್ಮದ ಬೆಲ್ಟಿಗೆ ತಾಗಿಕೊಂಡಿದ್ದ ಹಿತ್ತಾಳೆಗೆ ಹಸಿರು ಕಿಲುಬು ಹತ್ತಿತ್ತು. ಅದನ್ನು ಬಿದಿರಿನ ಕಡ್ಡಿಯಿಂದ ಮೆಲ್ಲಗೆ ಬಿಡಿಸಿ, ಲೋಹವನ್ನೂ ಚರ್ಮವನ್ನೂ ಬೇರೆ ಬೇರೆ ಇಟ್ಟೆ.

ಶರ್ಟನ್ನು ಒಗೆಯಲಿಲ್ಲ. ಮೃದುವಾದ ಬ್ರಷ್ಷಿನಿಂದ ಧೂಳು ತೆಗೆದು, ಗಂಜಿಯಿಲ್ಲದಂತೆ ಚೆನ್ನಾಗಿ ಒಗೆದ ಬಿಳಿ ಹತ್ತಿ ಬಟ್ಟೆಯನ್ನು ಸುರುಳಿ ಸುತ್ತಿ ಮಡಿಕೆಗಳ ಒಳಗಿಟ್ಟೆ. ಹೀಗೆ ಮಾಡಿದರೆ ಮಡಿಕೆ ಚೂಪಾಗಿ ಕೂತು ನೂಲು ಮುರಿಯುವುದಿಲ್ಲ. ಮಳೆಗಾಲದಲ್ಲಿ ಪೆಟ್ಟಿಗೆಯನ್ನು ಗೋಡೆಗೆ ತಾಗಿಸದೆ ಎತ್ತರದಲ್ಲಿಟ್ಟು, ಒಣ ದಿನಗಳಲ್ಲಿ ನೆರಳಿನಲ್ಲೇ ತೆರೆದು ಗಾಳಿಗೊಡ್ಡುತ್ತೇನೆ. ಡಾಂಬರು ಗುಳಿಗೆಯನ್ನು ಬಟ್ಟೆಗೆ ತಾಗುವಂತೆ ಇಡುವುದಿಲ್ಲ. ಗಾಜಿನ ಚೌಕಟ್ಟು ಹಾಕಿಸಿ ಹಜಾರದ ಗೋಡೆಗೆ ನೇತುಹಾಕಿದರೆ ರಿಬ್ಬನ್ನಿನ ಬಣ್ಣವನ್ನು ಬೆಳಕೇ ತಿಂದುಹಾಕುತ್ತದೆ.

ಪದಕಗಳು ಇಂದಿಗೂ ಅವರ ಮಗಳ ಮನೆಯಲ್ಲೇ ಇವೆ. ನನ್ನಲ್ಲಿರುವುದು ಅವುಗಳ ಚಿತ್ರ, ಅಳತೆ, ಅಂಚಿನ ಬರಹದ ನಕಲು ಮಾತ್ರ. ಸಂಗ್ರಹವೆಂದರೆ ಎಲ್ಲವೂ ಒಂದೇ ಬೀರುವಿನಲ್ಲಿರಬೇಕೆಂದು ನಾನು ಭಾವಿಸುವುದಿಲ್ಲ. ಪ್ರತಿಯೊಂದು ವಸ್ತುವಿಗೂ ಒಂದು ಪುಟವಿರುವ ಪುಸ್ತಕವೊಂದನ್ನು ಇಟ್ಟಿದ್ದೇನೆ. ಅದು ಯಾರ ಮನೆಯಲ್ಲಿ, ಯಾವ ಸ್ಥಿತಿಯಲ್ಲಿ ಸಿಕ್ಕಿತು, ಅದರ ಬಗ್ಗೆ ಹೇಳಿದವರು ತಾವೇ ಕಂಡದ್ದನ್ನು ಹೇಳಿದರೋ ಕೇಳಿದ್ದನ್ನೋ, ಊಹೆ ಯಾವುದು, ಖಚಿತ ಯಾವುದು ಎಂಬುದೆಲ್ಲ ಅದರಲ್ಲಿ ಬೇರೆ ಬೇರೆಯಾಗಿದೆ, ಕೊಟ್ಟವರ ಸಹಿಯೂ ಇದೆ. ಅದರ ಒಂದು ಪ್ರತಿ ಅವರ ಮಗಳ ಬಳಿ, ಇನ್ನೊಂದು ಶರ್ಟಿನ ಪೆಟ್ಟಿಗೆಯೊಳಗಿದೆ.