ಕಾರಿನ ಕೆಲಸಕ್ಕೆ ಟೂಲ್ಸ್ ಕೊಳ್ಳುವ ಮುಂಚೆ ಜೇಬಿಗೆ ನಾಲ್ಕು ಬೋಲ್ಟ್ ಹಾಕಿಕೊಳ್ಳಿ

ನಮ್ಮ ಬೀದಿಯ ಹುಡುಗನೊಬ್ಬ ಹೋದ ತಿಂಗಳು ಮೊದಲ ಸಲ ತಾನೇ ಕಾರಿನ ಆಯಿಲ್ ಬದಲಾಯಿಸಲು ಕೂತ. ಆನ್‌ಲೈನ್‌ನಲ್ಲಿ ತರಿಸಿದ 46 ಪೀಸಿನ ಪ್ಲಾಸ್ಟಿಕ್ ಪೆಟ್ಟಿಗೆ ಪಕ್ಕದಲ್ಲಿತ್ತು. ಅರ್ಧ ಗಂಟೆ ಬಿಟ್ಟು ನನ್ನ ಮನೆಗೆ ಓಡಿ ಬಂದ. ಹೋಗಿ ನೋಡಿದೆ. ಬೋಲ್ಟಿನಿಂದ ಎತ್ತದೆಯೇ ಹಿಂದೆ ಮುಂದೆ ಆಡಿಸಿ ತಿರುಗಿಸುವ ಪುಟ್ಟ ರ‍್ಯಾಚೆಟ್ಟಿನ ಒಳಗಿನ ಹಲ್ಲು ಮುರಿದಿತ್ತು, ಆಮೇಲೆ ಬಾಯಿ ಹಿಗ್ಗಿಸಿ ಕುಗ್ಗಿಸುವ ಸ್ಕ್ರೂ ಸ್ಪ್ಯಾನರ್ ಹಾಕಿ ಎಳೆದಿದ್ದರಿಂದ ಹಳೇ ಆಯಿಲ್ ಹೊರಬಿಡುವ ಡ್ರೈನ್ ಬೋಲ್ಟಿನ ಆರೂ ಮೂಲೆ ಸವೆದು ತಲೆ ಗುಂಡಗಾಗಿತ್ತು. ಅದನ್ನು ಬಿಚ್ಚಲು ಇಡೀ ಭಾನುವಾರ ಹೋಯಿತು. ತಪ್ಪು ಅವನ ಕೈಯದಲ್ಲ, ಕೊಂಡ ಸಾಮಾನಿನದು. ಇಂಥದ್ದನ್ನು ಎಷ್ಟೋ ಸಲ ನೋಡಿದ್ದೇನೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಕಾರಿನ ಸೈಜ್ ತಿಳಿದುಕೊಳ್ಳಿ

ಸೆಟ್ ನೋಡಿ ಕೊಳ್ಳಬೇಡಿ, ಕಾರು ನೋಡಿ ಕೊಳ್ಳಿ. ಮಾರುತಿ, ಟೊಯೋಟಾ, ಹೋಂಡಾ, ಹ್ಯೂಂಡೈ ಕಾರುಗಳಲ್ಲಿ ಬಹುಪಾಲು ಕೆಲಸ 10, 12, 14, 17 ಎಂಎಂ ಸೈಜಿನಲ್ಲಿ (ಬೋಲ್ಟಿನ ತಲೆಯ ಅಗಲ) ಮುಗಿಯುತ್ತದೆ. ಸ್ಕೋಡಾ, ಫೋಕ್ಸ್‌ವ್ಯಾಗನ್ ಆದರೆ 10, 13, 16, 18. ಟಾಟಾ, ಮಹೀಂದ್ರಾದಲ್ಲೂ 13 ಜಾಸ್ತಿ. ಕಾರಣ ಇದೆ. 8 ಎಂಎಂ ದಪ್ಪದ ಬೋಲ್ಟಿಗೆ ಜಪಾನಿನವರು 12ರ ತಲೆ ಕೂರಿಸುತ್ತಾರೆ, ಯುರೋಪಿನವರು 13ರ ತಲೆ. 10 ಎಂಎಂ ಬೋಲ್ಟಿಗೆ ಜಪಾನಿನವರದು 14, ಯುರೋಪಿನವರದು 16 ಅಥವಾ 17. ಹೀಗಾಗಿ ಸ್ವಿಫ್ಟ್ ಇರುವವನಿಗೆ 12 ಇಲ್ಲದ ಸೆಟ್ ಎಷ್ಟು ದೊಡ್ಡದಾದರೂ ಪ್ರಯೋಜನವಿಲ್ಲ. 12ರ ತಲೆಗೆ 13 ಹಾಕಿ ತಿರುಗಿಸಿದರೆ ಮೂಲೆ ಹೋಗುವುದು ಖಂಡಿತ.

ಚಕ್ರದ ನಟ್ಟು ಬೇರೆ ಲೆಕ್ಕ. ಮಾರುತಿಯಲ್ಲಿ ಸಾಮಾನ್ಯವಾಗಿ 19, ಹ್ಯೂಂಡೈನಲ್ಲಿ 21, ಫೋಕ್ಸ್‌ವ್ಯಾಗನ್, ಸ್ಕೋಡಾದಲ್ಲಿ 17. ಈ ಎರಡರಲ್ಲಿ ನಟ್ಟಿನ ಬದಲು ಬೋಲ್ಟೇ ಇರುತ್ತದೆ, ಜೊತೆಗೆ ನಕ್ಷತ್ರದಂಥ ತಲೆಯ ಟಾರ್ಕ್ಸ್ ಸ್ಕ್ರೂಗಳೂ ಸಿಗುತ್ತವೆ. ಅವಕ್ಕೆ ಆರು ಮೂಲೆಯ ಅಲನ್ ಕೀ ತುರುಕಬೇಡಿ. ಟಾರ್ಕ್ಸ್ ಬಿಟ್ಟನ್ನೇ ತನ್ನಿ.

ಇನ್ನೊಂದು ಎಚ್ಚರ. ಹಳೇ ಜೀಪುಗಳ ಕಾಲದ ಇಂಚಿನ ಸೆಟ್ ಈಗಲೂ ಅಂಗಡಿಗಳಲ್ಲಿ ಇವೆ. ಅರ್ಧ ಇಂಚು ಅಂದರೆ 12.7 ಎಂಎಂ. ಅದು 12ಕ್ಕೆ ಸಡಿಲ, 13ಕ್ಕೆ ಕೂರುವುದಿಲ್ಲ. 'ಎಂಎಂ ಸೆಟ್ಟೇ ಕೊಡಿ' ಎಂದು ಬಾಯಿಬಿಟ್ಟು ಕೇಳಿ.

ಪಟ್ಟಿ ಚಿಕ್ಕದಿರಲಿ

ಅರ್ಧ ಇಂಚು ಡ್ರೈವಿನ (ಹ್ಯಾಂಡಲ್ ಕೂರುವ ಚೌಕದ ಅಳತೆ) ಸಾಕೆಟ್ ಸೆಟ್ (ಬೋಲ್ಟಿನ ತಲೆಗೆ ತೊಡಿಸುವ ಟೊಪ್ಪಿಗೆಗಳು), ಅದಕ್ಕೊಂದು ಉದ್ದದ ಹ್ಯಾಂಡಲ್, ಎರಡು ಎಕ್ಸ್‌ಟೆನ್ಷನ್ ರಾಡ್, ಎಂಟು ಪೀಸಿನ ರಿಂಗ್ ಸ್ಪ್ಯಾನರ್ ಸೆಟ್, ಅಷ್ಟೇ ಪೀಸಿನ ಓಪನ್ ಸ್ಪ್ಯಾನರ್ ಸೆಟ್, ಅಲನ್ ಕೀ, ಎರಡು ಸ್ಕ್ರೂ ಡ್ರೈವರ್, ಒಂದು ಕಟಿಂಗ್ ಪ್ಲೇಯರ್, ಒಂದು ನೋಸ್ ಪ್ಲೇಯರ್. ಮೊದಲ ವರ್ಷಕ್ಕೆ ಇಷ್ಟು, ಜೊತೆಗೆ ಕೊನೆಯಲ್ಲಿ ಹೇಳುವ ಟಾರ್ಕ್ ರೆಂಚ್ (ಬೇಕಾದಷ್ಟೇ ಬಿಗಿಯುವ ಅಳತೆಯ ಹ್ಯಾಂಡಲ್), ಜಾಕ್ ಸ್ಟ್ಯಾಂಡ್ (ಎತ್ತಿದ ಕಾರನ್ನು ಹೊರುವ ಕಾಲು) ಇದ್ದರೆ ಸಾಕು. ಸ್ಕ್ರೂ ಸ್ಪ್ಯಾನರ್ ಮನೆಯ ನಲ್ಲಿಗೆ ಇರಲಿ, ಕಾರಿನ ಹತ್ತಿರ ತರಬೇಡಿ.

46 ಪೀಸಿನ ಪೆಟ್ಟಿಗೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಅದು ಕಾಲಿಂಚು ಡ್ರೈವಿನದು. ಡ್ಯಾಶ್‌ಬೋರ್ಡ್, ಏರ್ ಫಿಲ್ಟರ್ ಪೆಟ್ಟಿಗೆ, ನಂಬರ್ ಪ್ಲೇಟು, ಇಂಥ ಸಣ್ಣ ಸ್ಕ್ರೂಗಳಿಗೆ ಚೆನ್ನಾಗಿದೆ. ಡ್ರೈನ್ ಬೋಲ್ಟ್, ಬ್ರೇಕ್ ಕ್ಯಾಲಿಪರ್, ಸಸ್ಪೆನ್ಷನ್ ಕಡೆಗೆ ಅದನ್ನು ಒಯ್ಯಬಾರದು.

ಅಂಗಡಿಯಲ್ಲಿ ಪರೀಕ್ಷೆ: ಎಲ್ಲರೂ ಎಡವುವುದು ಇಲ್ಲೇ

ಬೆಂಗಳೂರಿನವರು ಮೊದಲು ಜೆ.ಸಿ. ರಸ್ತೆಗೆ ಹೋಗಿ. ಯಾವುದಾದರೂ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ನಿಮ್ಮ ಕಾರಿನ ಹೆಸರು ಹೇಳಿ ಮೂರು ಸೈಜಿನ ಹೊಸ ಬೋಲ್ಟು, ಒಂದು ಚಕ್ರದ ನಟ್ಟು ಕೊಳ್ಳಿ. ಅವನ್ನು ಜೇಬಿಗೆ ಹಾಕಿಕೊಂಡು ಎಸ್‌ಜೆಪಿ ರಸ್ತೆಗೆ ನಡೆಯಿರಿ. ಟೂಲ್ಸ್ ಅಂಗಡಿಗಳ ಸಾಲೇ ಇದೆ. ಭಾನುವಾರ ಹೆಚ್ಚಿನವು ಬಾಗಿಲು ಹಾಕಿರುತ್ತವೆ, ಶನಿವಾರ ಬೆಳಿಗ್ಗೆ ಒಳ್ಳೆಯದು. ಬೇರೆ ಊರಿನವರು ನಿಮ್ಮ ಊರಿನ ಹಾರ್ಡ್‌ವೇರ್ ಅಂಗಡಿಗೇ ಹೋಗಿ, ಆದರೆ ಬೋಲ್ಟ್ ಜೇಬಿನಲ್ಲಿರಲಿ.

ಮೊದಲ ಮಾತು ಹೀಗಿರಲಿ: 'ಅಣ್ಣ, ಹೆಕ್ಸ್ ಸಾಕೆಟ್ ತೋರಿಸಿ, ಬೈ-ಹೆಕ್ಸ್ ಬೇಡ.' ಹೆಕ್ಸ್ ಅಂದರೆ ಒಳಗೆ ಆರು ಮೂಲೆ, ಬೈ-ಹೆಕ್ಸ್ ಅಂದರೆ ಹನ್ನೆರಡು. ಹನ್ನೆರಡು ಮೂಲೆಯದು ಬೋಲ್ಟಿನ ಮೂಲೆಯ ತುದಿಗೆ ಹತ್ತಿರದಲ್ಲಿ ಒತ್ತುತ್ತದೆ. ಬೋಲ್ಟ್ ಹೊಸದಾಗಿದ್ದರೆ ನಡೆದೀತು. ಆದರೆ ನಮ್ಮ ಮಳೆ, ಕೆಸರು, ಕರಾವಳಿಯ ಉಪ್ಪು ಗಾಳಿ ತಿಂದು ತುಕ್ಕು ಹಿಡಿದ ಬೋಲ್ಟಿನಲ್ಲಿ ಆ ತುದಿಯೇ ಉಳಿದಿರುವುದಿಲ್ಲ, ಸರ್ರನೆ ಜಾರುತ್ತದೆ. ಆರು ಮೂಲೆಯದು ತುದಿಯಿಂದ ದೂರ, ಚಪ್ಪಟೆ ಬದಿಯ ಮೇಲೆ ಕೂತು ತಳ್ಳುತ್ತದೆ. ಅಂಗಡಿಯವರು ಹನ್ನೆರಡರದ್ದು ಬೇಗ ಕೂರುತ್ತದೆ ಎನ್ನುತ್ತಾರೆ. ಅದು ರಿಂಗ್ ಸ್ಪ್ಯಾನರಿಗೆ ಒಪ್ಪುವ ಮಾತು, ಯಾಕೆಂದರೆ ಇಕ್ಕಟ್ಟಿನಲ್ಲಿ ಅದನ್ನು ಎತ್ತಿ ಎತ್ತಿ ಹಾಕಬೇಕು. ಸಾಕೆಟ್ಟಿಗೆ ರ‍್ಯಾಚೆಟ್ ಇರುವಾಗ ಆ ಅನುಕೂಲ ಬೇಕಿಲ್ಲ ಅಲ್ವಾ?

ಈಗ ಜೇಬಿನ ಬೋಲ್ಟ್ ತೆಗೆಯಿರಿ. ಸಾಕೆಟ್ ಹಾಕಿ, ಬೋಲ್ಟನ್ನು ಗಟ್ಟಿಯಾಗಿ ಹಿಡಿದು ಸಾಕೆಟ್ಟನ್ನು ಎಡಕ್ಕೆ ಬಲಕ್ಕೆ ಆಡಿಸಿ. ಸ್ವಲ್ಪ ಆಟ ಇದ್ದೇ ಇರುತ್ತದೆ. ಗಡಗಡ ಅಲ್ಲಾಡಿದರೆ ಬದಿಗಿಡಿ. ಬೇರೆ ಕಂಪನಿಯದನ್ನು ಅದೇ ಬೋಲ್ಟಿಗೆ ಹಾಕಿ ನೋಡಿ. ಎರಡು ಮೂರು ನೋಡುವಷ್ಟರಲ್ಲಿ ನಿಮ್ಮ ಬೆರಳಿಗೇ ವ್ಯತ್ಯಾಸ ತಿಳಿಯುತ್ತದೆ, ಯಾರೂ ಹೇಳಿಕೊಡಬೇಕಿಲ್ಲ. ಆಮೇಲೆ ಸಾಕೆಟ್ಟಿನ ಬಾಯಿಯನ್ನು ಬೆಳಕಿಗೆ ಹಿಡಿಯಿರಿ. ಸುತ್ತಲಿನ ಗೋಡೆ ಎಲ್ಲ ಕಡೆ ಒಂದೇ ದಪ್ಪ ಇದೆಯಾ? ಒಂದು ಕಡೆ ತೆಳುವಾಗಿದ್ದರೆ ಒಡೆಯುವುದು ಅಲ್ಲೇ. ಬಾಯಿಯ ಅಂಚನ್ನು ತುಂಬ ಇಳಿಜಾರಾಗಿ ಕೊರೆದಿದ್ದರೂ ಬೇಡ, ಗಿಡ್ಡ ತಲೆಯ ಬೋಲ್ಟಿಗೆ ಹಿಡಿತವೇ ಸಿಗುವುದಿಲ್ಲ. ಕೊನೆಗೆ ಕ್ರೋಮ್ ಲೇಪದ ಮೇಲೆ ಹೆಬ್ಬೆರಳು ಆಡಿಸಿ. ಗುಳ್ಳೆ, ಸಿಪ್ಪೆ ಕಂಡರೆ ಕೊಳ್ಳಲೇಬೇಡಿ. ಒಮ್ಮೆ ಅಂಥ ಸಾಕೆಟ್ ನನ್ನ ಕೈಯಲ್ಲಿ ಸೀಳಿತು. ಗೆಣ್ಣು ಚಾಸಿಗೆ ಬಡಿಯಿತು, ಎದ್ದ ಕ್ರೋಮಿನ ಚೂರು ಬ್ಲೇಡಿನಂತೆ ಕೊಯ್ದಿತು. ಆ ಗಾಯದ ಗುರುತು ಇನ್ನೂ ಇದೆ.

'ಕ್ರೋಮ್ ವೆನೇಡಿಯಂ' (ಟೂಲ್ಸ್ ಮಾಡುವ ಗಟ್ಟಿ ಉಕ್ಕು) ಎಂಬ ಅಚ್ಚನ್ನು ನಂಬಬೇಡಿ. ಅದನ್ನು ಯಾವ ಕಬ್ಬಿಣದ ಮೇಲೂ ಒತ್ತಬಹುದು. ಪ್ಯಾಕಿನ ಮೇಲೆ ತಯಾರಕರ ಪೂರ್ತಿ ವಿಳಾಸ, ಎಂಆರ್‌ಪಿ ಇದೆಯಾ, ಕಂಪನಿಯ ಹೆಸರಿನ ಅಕ್ಷರ ಸರಿಯಿದೆಯಾ ನೋಡಿ. ಒಂದೆರಡು ಅಕ್ಷರ ಬದಲಿಸಿದ ನಕಲಿಗಳು ತುಂಬ ಇವೆ. ನನ್ನ ಆಯ್ಕೆ ಸ್ಪ್ಯಾನರ್, ಪ್ಲೇಯರಿಗೆ ತಪಾರಿಯಾ. ದುಡ್ಡಿದ್ದರೆ ಸಾಕೆಟ್ಟಿಗೆ ಗೆಡೋರ್. ಪಂಜಾಬಿನ ಜಲಂಧರ್, ಲುಧಿಯಾನದಲ್ಲಿ ತಯಾರಾಗುವ ಟೂಲ್ಸ್‌ನಲ್ಲೂ ಒಳ್ಳೆಯವು ಇವೆ. ಆದರೆ ಬ್ರ್ಯಾಂಡ್ ಯಾವುದೇ ಇರಲಿ, ಬೋಲ್ಟ್ ಹಾಕಿ ನೋಡದೆ ದುಡ್ಡು ಕೊಡಬೇಡಿ. ಮುಟ್ಟಲು ಬಿಡದ ಅಂಗಡಿಯಿಂದ ಎದ್ದು ಬನ್ನಿ.

ಓಪನ್ ಸ್ಪ್ಯಾನರಿಗೂ ಇದೇ ಪರೀಕ್ಷೆ. ಎಂಟು ಪೀಸಿನ ಸೆಟ್ 6-7ರಿಂದ 20-22ರವರೆಗೆ ಬರುತ್ತದೆ. 10-11, 12-13, 14-15, ಈ ಮೂರನ್ನು ಮಾತ್ರ ಸರಿಯಾಗಿ ನೋಡಿದರೆ ಸಾಕು, ಕೆಲಸದ ಮುಕ್ಕಾಲು ಭಾಗ ಅವೇ ಮಾಡುತ್ತವೆ. ದವಡೆಗಳು ಸಮಾನಾಂತರ ಇರಬೇಕು.

ರ‍್ಯಾಚೆಟ್

ಹಲ್ಲು ಎಷ್ಟು ಎಂದು ಕೇಳಿ. 24 ಹಲ್ಲಿನದು ಒಂದು ಹಲ್ಲು ಮುಂದಕ್ಕೆ ಹೋಗಲು 15 ಡಿಗ್ರಿ ತಿರುಗಬೇಕು, 72ರದ್ದು 5 ಡಿಗ್ರಿ. ಈಗಿನ ಕಾರುಗಳ ಬಾನೆಟ್ ಕೆಳಗೆ ಕೈಯೇ ಹಿಡಿಸದ ಜಾಗಗಳಿವೆ, ಅಲ್ಲಿ ಈ 10 ಡಿಗ್ರಿಯೇ ಕೆಲಸ ಆಗುವುದೋ ಇಲ್ಲವೋ ತೀರ್ಮಾನಿಸುತ್ತದೆ. ಆದರೆ ಬಿಗಿ ಬೋಲ್ಟನ್ನು ರ‍್ಯಾಚೆಟ್ಟಿನಲ್ಲಿ ಬಿಚ್ಚಬೇಡಿ, ಅದಕ್ಕೆ ಪೈಪನ್ನಂತೂ ಸಿಕ್ಕಿಸಲೇಬೇಡಿ. ಮೊದಲ ಎಳೆತಕ್ಕೆ ಉದ್ದದ ಹ್ಯಾಂಡಲ್, ಸಡಿಲವಾದ ಮೇಲೆ ರ‍್ಯಾಚೆಟ್. ತುಕ್ಕು ಇದ್ದರೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಬಿಡಿ.

ಇಂಪ್ಯಾಕ್ಟ್ ಗನ್ (ಬೋಲ್ಟನ್ನು ಹೊಡೆದು ಹೊಡೆದು ತಿರುಗಿಸುವ ಯಂತ್ರ) ಇರುವವರು ಕಪ್ಪು ಇಂಪ್ಯಾಕ್ಟ್ ಸಾಕೆಟ್ ಬೇರೆಯೇ ಕೊಳ್ಳಿ. ಹೊಳೆಯುವ ಸಾಕೆಟ್ ಆ ಹೊಡೆತಕ್ಕೆ ಸಿಡಿಯಬಹುದು, ಕಣ್ಣಿನ ವಿಷಯ ಇದು.

ಬ್ರೇಕ್ ಪೈಪ್ ಬಿಚ್ಚುವ ಯೋಚನೆ ಇದ್ದರೆ ಫ್ಲೇರ್ ನಟ್ ಸ್ಪ್ಯಾನರ್ ಬೇಕು. ರಿಂಗಿನಂತೆಯೇ, ಪೈಪ್ ಒಳಗೆ ನುಗ್ಗಲು ಒಂದು ಕಡೆ ಸೀಳಿರುತ್ತದೆ. ಬ್ರೇಕ್ ಪೈಪಿನ ನಟ್ಟು ಮೆತ್ತಗೆ, ಓಪನ್ ಸ್ಪ್ಯಾನರಿಗೆ ಒಂದೇ ಸಲಕ್ಕೆ ಹಾಳಾಗುತ್ತದೆ. ಹೊಸಬರು ಬ್ರೇಕಿನ ಕೆಲಸವನ್ನು ಮೆಕ್ಯಾನಿಕ್ ಪಕ್ಕದಲ್ಲಿ ನಿಂತು ಕಲಿಯಿರಿ.

ಟಾರ್ಕ್ ರೆಂಚ್

ಉಳಿದದ್ದನ್ನು ನಿಧಾನಕ್ಕೆ ಕೊಂಡರೂ ಇದನ್ನು ಮುಂದೂಡಬೇಡಿ. ಬಿಚ್ಚುವಾಗ ಕೆಟ್ಟ ಬೋಲ್ಟಿಗಿಂತ ಬಿಗಿಯುವಾಗ ಕೆಟ್ಟ ಥ್ರೆಡ್ (ಬೋಲ್ಟ್ ಕೂರುವ ಸುರುಳಿ ಗೆರೆ) ದುಬಾರಿ. ಅಲ್ಯೂಮಿನಿಯಂ ಆಯಿಲ್ ಪ್ಯಾನಿನ ಥ್ರೆಡ್ ಕಿತ್ತರೆ ಪ್ಯಾನೇ ಬದಲಾಯಿಸಬೇಕಾದೀತು. ಸಣ್ಣ ಕಾರುಗಳ ಚಕ್ರದ ನಟ್ಟು ಸುಮಾರು 85ರಿಂದ 110 ನ್ಯೂಟನ್ ಮೀಟರ್ (ಬಿಗಿತದ ಅಳತೆ), ಡ್ರೈನ್ ಬೋಲ್ಟ್ 30-40ರ ಹತ್ತಿರ. ನಿಮ್ಮ ಕಾರಿನ ಸರಿಯಾದ ಅಂಕಿಯನ್ನು ಮ್ಯಾನ್ಯುಯಲ್ ನೋಡಿಯೇ ಹಾಕಿ. 40ರಿಂದ 200ರವರೆಗಿನ ರೆಂಚ್ ಚಕ್ರಕ್ಕೆ ಸರಿ, ಆದರೆ 40ರ ಅಂಚಿನಲ್ಲಿ ಅದನ್ನು ನಂಬಲಾಗದು. ಚಿಕ್ಕ ಬೋಲ್ಟುಗಳಿಗೆ ಮುಂದೆ ಇನ್ನೊಂದು ಕೊಳ್ಳಬೇಕಾಗುತ್ತದೆ. ಹಾಕಿದ ಅಂಕಿ ಮುಟ್ಟಿ ರೆಂಚ್ 'ಟಿಕ್' ಅಂದ ಕೂಡಲೇ ಕೈ ಬಿಡಿ, ಇನ್ನೊಂದು ಸಲ ಎಳೆಯಬೇಡಿ. ಅದರಿಂದ ಬೋಲ್ಟ್ ಬಿಚ್ಚಬೇಡಿ. ಕೆಲಸ ಮುಗಿದ ಮೇಲೆ ಅದರ ಅತಿ ಕಡಿಮೆ ಅಂಕಿಗೆ ಇಳಿಸಿ ಎತ್ತಿಡಿ, ಇಲ್ಲದಿದ್ದರೆ ಒಳಗಿನ ಸ್ಪ್ರಿಂಗ್ ದಣಿಯುತ್ತದೆ.

ಬಿಲ್ ಹಾಕಿಸುವ ಮುಂಚೆ

ಅದೇ ಬಿಲ್ಲಿಗೆ ಒಂದು ಜೊತೆ ಜಾಕ್ ಸ್ಟ್ಯಾಂಡ್ ಸೇರಿಸಿ. ಕಾರಿನ ಜೊತೆ ಬರುವ ಜಾಕ್ ಚಕ್ರ ಬದಲಾಯಿಸಲು ಮಾತ್ರ. ಅದರ ಮೇಲಷ್ಟೇ ನಿಂತ ಕಾರಿನ ಕೆಳಗೆ ತಲೆ ಹಾಕಬೇಡಿ, ಒಂದು ನಿಮಿಷಕ್ಕೂ ಬೇಡ. ಇಟ್ಟಿಗೆ, ಹಾಲೋ ಬ್ಲಾಕ್ ಇಟ್ಟು ಮಲಗುವವರನ್ನು ಕಂಡಿದ್ದೇನೆ. ಭಾರಕ್ಕೆ ಬ್ಲಾಕ್ ಬಿರುಕು ಬಿಡುವುದಕ್ಕೆ ಮುನ್ಸೂಚನೆ ಏನೂ ಇರುವುದಿಲ್ಲ.

ಮನೆಗೆ ತಂದ ಮೇಲೆ ಪ್ರತಿ ಟೂಲಿಗೂ ನಿಮ್ಮದೇ ಒಂದು ಬಣ್ಣದ ಪಟ್ಟೆ ಬಳಿಯಿರಿ. ಕೆಲಸವಾದ ಮೇಲೆ ಎಣ್ಣೆ ಬಟ್ಟೆಯಲ್ಲಿ ಒರೆಸಿ ಇಡಿ. ಜೇಬಿನಲ್ಲಿದ್ದ ಆ ಬೋಲ್ಟುಗಳನ್ನೂ ಪೆಟ್ಟಿಗೆಯಲ್ಲೇ ಹಾಕಿಡಿ, ಮುಂದಿನ ಸಲ ಅಂಗಡಿಗೆ ಹೋಗುವಾಗ ಮತ್ತೆ ಬೇಕಾಗುತ್ತವೆ.