ಕೆನಾಲ್ ದ್ಯು ಮಿದಿ ದಂಡೆಯಲ್ಲಿ ಸೈಕಲ್: ಮೊದಲು ಟೈರಿನ ಗಾಳಿ ಇಳಿಸಿ

ಕಳೆದ ಸೆಪ್ಟೆಂಬರಿನಲ್ಲಿ ತೀರ್ಥಹಳ್ಳಿಯಿಂದ ಬಂದಿದ್ದ ನನ್ನ ಹೆಂಡತಿಯ ತಮ್ಮ, ದಕ್ಷಿಣ ಫ್ರಾನ್ಸಿನ ಕಾರ್ಕಸೋನ್ ಊರು ಬಿಟ್ಟು ಹದಿನೈದು ಕಿಲೋಮೀಟರ್ ಆಗುವಷ್ಟರಲ್ಲಿ ಸೈಕಲ್ ಇಳಿದು ಅಂಗೈ ನೋಡಿಕೊಳ್ಳುತ್ತ ನಿಂತ. ಎರಡೂ ಅಂಗೈ ಕೆಂಪಗಾಗಿ ಜೋಮು ಹಿಡಿದಿದ್ದವು. "ಭಾವ, ನಮ್ಮೂರಿನ ತೋಟದ ದಾರಿಯೇ ಇದಕ್ಕಿಂತ ವಾಸಿ" ಎಂದ. ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಕಲ್ಲು! ಬಾಡಿಗೆ ಅಂಗಡಿಯಲ್ಲಿ "ಇನ್ನೂ ಸ್ವಲ್ಪ ಹಾಕಿ" ಎಂದು ತಾನೇ ಹೇಳಿ 60 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಹೊಡೆಸಿಕೊಂಡು ಬಂದಿದ್ದ.

ಟೂಲೂಸ್‌ನಲ್ಲಿ ನೆಲೆಸಿ ಒಂಬತ್ತು ವರ್ಷವಾಯಿತು. ಊರಿನಿಂದ ಯಾರೇ ಬಂದರೂ ಈ ಕಾಲುವೆ ದಂಡೆಗೆ ಕರೆದುಕೊಂಡು ಹೋಗುತ್ತೇನೆ, ಹತ್ತರಲ್ಲಿ ಎಂಟು ಜನ ಇದೇ ತಪ್ಪು ಮಾಡುತ್ತಾರೆ. ಅದಕ್ಕಾಗಿ ಈ ಲೇಖನ.

ಕೆನಾಲ್ ದ್ಯು ಮಿದಿ ಟೂಲೂಸ್ ನಗರವನ್ನು ಮೆಡಿಟರೇನಿಯನ್ ಅಂಚಿನ ತೋ ಹಿನ್ನೀರಿಗೆ ಜೋಡಿಸುವ 240 ಕಿಲೋಮೀಟರ್ ಉದ್ದದ ಕಾಲುವೆ. ಉಪ್ಪಿನ ತೆರಿಗೆ ವಸೂಲಿಯ ಗುತ್ತಿಗೆ ಹಿಡಿದಿದ್ದ ಪಿಯರ್ ಪಾಲ್ ರಿಕೆ, 1666ರಲ್ಲಿ ಹದಿನಾಲ್ಕನೆಯ ಲೂಯಿಯ ಅಪ್ಪಣೆ ಪಡೆದು ತೋಡಿಸಿದ್ದು. 1681ರಲ್ಲಿ ಕಾಲುವೆ ತೆರೆಯಿತು. ರಿಕೆ ಅದಕ್ಕೆ ಕೆಲವೇ ತಿಂಗಳು ಮೊದಲು ತೀರಿಕೊಂಡಿದ್ದ. ಹಿಂದೆ ದೋಣಿಗಳನ್ನು ಹಗ್ಗ ಕಟ್ಟಿ ದಂಡೆಯ ಮೇಲಿನ ಕುದುರೆಗಳು ಎಳೆಯುತ್ತಿದ್ದವು. ಆ ಕುದುರೆ ದಾರಿಯೇ ಇಂದಿನ ಸೈಕಲ್ ದಾರಿ. ಅಲ್ಲಲ್ಲಿ ದ್ರಾಕ್ಷಿ ತೋಟದವರ ಟ್ರ್ಯಾಕ್ಟರ್ ಅಡ್ಡ ಬರುವುದು ಬಿಟ್ಟರೆ ವಾಹನಗಳ ಕಾಟವಿಲ್ಲ.

ಒಂದು: ಯಾವ ತುಂಡು? ಎಲ್ಲರೂ ಟೂಲೂಸ್‌ನಿಂದ ಹೊರಡುತ್ತಾರೆ. ಬೇಡ. ಅಲ್ಲಿಂದ ಪೋರ್ ಲೋರಾಗೆವರೆಗಿನ 50 ಕಿಲೋಮೀಟರ್ ನುಣ್ಣನೆಯ ಡಾಂಬರು, ಬಹಳ ಕಡೆ ಪಕ್ಕದಲ್ಲೇ ಹೆದ್ದಾರಿಯ ಗದ್ದಲ. ದ್ರಾಕ್ಷಿ, ಜಲ್ಲಿ, ಮೌನ ಮೂರೂ ಬೇಕಿದ್ದರೆ ಕಾರ್ಕಸೋನ್‌ನಿಂದ ಬೆಜಿಯೇವರೆಗಿನ ಸುಮಾರು 100 ಕಿಲೋಮೀಟರ್ ಹಿಡಿಯಿರಿ. ಮೂರು ದಿನ ಇಟ್ಟುಕೊಳ್ಳಿ: ಮೊದಲ ರಾತ್ರಿ ಓಮ್ಸ್, ಎರಡನೆಯದು ಕಾಪೆಸ್ತಾಂಗ್. ಒಂದೇ ದಿನದಲ್ಲಿ ಮುಗಿಸುವ ಶೂರರೂ ಇದ್ದಾರೆ, ಅವರ ಫೋಟೋಗಳಲ್ಲಿ ಮುಂದಿನ ಚಕ್ರವೊಂದೇ ಕಾಣುತ್ತದೆ.

ಎರಡು: ಯಾವಾಗ, ಯಾವ ದಿಕ್ಕಿಗೆ? ಮೇ ತಿಂಗಳು ಅಥವಾ ಸೆಪ್ಟೆಂಬರ್. ಜುಲೈ, ಆಗಸ್ಟ್ ಬೇಡ. ದಂಡೆಗೆ ಚಪ್ಪರ ಹಾಕಿದಂತೆ 42,000 ಪ್ಲೇನ್ ಮರಗಳಿದ್ದವು. 2006ರಲ್ಲಿ ಅವಕ್ಕೆ ಶಿಲೀಂಧ್ರ ರೋಗ ತಗುಲಿರುವುದು ಗೊತ್ತಾಯಿತು, ಮದ್ದಿಲ್ಲ. ರೋಗ ಹಿಡಿದ ಮರವನ್ನೂ ಪಕ್ಕದ ಮರಗಳನ್ನೂ ಕಡಿದು ಅಲ್ಲೇ ಸುಡುವುದೊಂದೇ ದಾರಿಯಾಗಿ ಸಾವಿರಾರು ಮರಗಳು ಹೋದವು. ಹಳೆಯ ಚಿತ್ರ ನೋಡಿ ನೆರಳು ಸಿಗುತ್ತದೆಂದು ಬಂದವರು ಬೋಳು ದಂಡೆಯಲ್ಲಿ ಬೇಯುತ್ತಾರೆ. ದಿಕ್ಕು ಪಶ್ಚಿಮದಿಂದ ಪೂರ್ವಕ್ಕೆ: ಇಲ್ಲಿ ಹೆಚ್ಚು ದಿನ ಬೀಸುವ ಸೆರ್ಸ್ ಗಾಳಿ ಆಗ ಬೆನ್ನಿಗಿರುತ್ತದೆ.

ಮೂರು: ರೈಲು. ಕಾರ್ಕಸೋನ್, ಬೆಜಿಯೇ ಎರಡೂ ಊರಿಗೆ ರೈಲಿದೆ. ಸೈಕಲ್ಲಿಗೆ ಜಾಗ ಕಾದಿರಿಸಬೇಕೇ ಎಂದು ಟಿಕೆಟ್ ಕೊಳ್ಳುವ ಮೊದಲೇ ನೋಡಿ.

ನಾಲ್ಕು: ಟೈರು ಮತ್ತು ಗಾಳಿ. ಲೇಖನದಲ್ಲಿ ಇದೊಂದನ್ನೇ ಓದಿದರೂ ಸಾಕು.

ಟೈರಿನ ಅಗಲ 40 ಮಿಲಿಮೀಟರಿಗೆ ಕಡಿಮೆ ಇರಬಾರದು. ತೆಳು ಚಕ್ರದ ರೇಸ್ ಸೈಕಲ್ ಕೊಡಲು ಬಂದರೆ ಕೈಮುಗಿದು ಬನ್ನಿ. ಗಾಳಿ ತುಂಬುವ ಅಗತ್ಯವೇ ಇಲ್ಲದ, ಪಂಕ್ಚರ್ ಆಗದ ಗಟ್ಟಿ ರಬ್ಬರ್ ಟೈರು ಎಂದು ಮಾರುವ ಮಾಲಂತೂ ಶುದ್ಧ ಮೋಸ. ಪಂಕ್ಚರ್ ಆಗುವುದಿಲ್ಲ, ನಿಜ. ಬೆನ್ನುಮೂಳೆ ಆ ಕೆಲಸ ವಹಿಸಿಕೊಳ್ಳುತ್ತದೆ.

ಗಾಳಿ ಗಟ್ಟಿಯಿದ್ದಷ್ಟೂ ಸೈಕಲ್ ಹಗುರಾಗಿ ಓಡುತ್ತದೆ ಎಂಬುದು ನಾವು ಚಿಕ್ಕಂದಿನಿಂದ ನಂಬಿಕೊಂಡು ಬಂದದ್ದು. ಡಾಂಬರಿನ ಮೇಲೆ ಅದು ಸ್ವಲ್ಪ ಮಟ್ಟಿಗೆ ಸರಿ. ಜಲ್ಲಿಯ ಮೇಲೆ ಗಟ್ಟಿ ಟೈರು ಪ್ರತಿ ಕಲ್ಲಿಗೂ ಮೇಲೆ ಹಾರುತ್ತದೆ. ಮುಂದೆ ಹೋಗಬೇಕಾದ ನಿಮ್ಮ ತ್ರಾಣ ಮೇಲೆ ಕೆಳಗೆ ಕುಣಿಯುವುದರಲ್ಲೇ ಕಳೆದುಹೋಗುತ್ತದೆ. ಮೆತ್ತಗಿನ ಟೈರು ಕಲ್ಲನ್ನು ಒಳಗೆ ತೆಗೆದುಕೊಂಡು ಉರುಳುತ್ತದೆ, ಹಿಡಿತವೂ ಹೆಚ್ಚು.

ಎಷ್ಟಿರಬೇಕು? ಒಳಗೆ ಟ್ಯೂಬ್ ಇರುವ 40 ಮಿಲಿಮೀಟರ್ ಟೈರು, 70 ಕಿಲೋ ತೂಕದ ಸವಾರ, ಏಳೆಂಟು ಕಿಲೋ ಸಾಮಾನು ಎಂದುಕೊಳ್ಳಿ. ಮುಂದಕ್ಕೆ 32 ಪಿಎಸ್‌ಐ, ಹಿಂದಕ್ಕೆ 36. ಹಿಂದೆ ಭಾರ ಹೆಚ್ಚು ಕೂರುವುದರಿಂದ ಈ ವ್ಯತ್ಯಾಸ. ಎರಡಕ್ಕೂ ಒಂದೇ ಅಳತೆ ಹಾಕಬೇಡಿ. 85 ಕಿಲೋ ದಾಟಿದವರು ನಾಲ್ಕು ಸೇರಿಸಿ, 55ರ ಆಸುಪಾಸಿನವರು ನಾಲ್ಕು ಇಳಿಸಿ. ಟ್ಯೂಬ್‌ಲೆಸ್ ಆದರೆ ಇನ್ನೂ ನಾಲ್ಕು ಕಡಿಮೆ ಮಾಡಬಹುದು. ಇಲ್ಲಿನ ಮೀಟರುಗಳು ಬಾರ್ ಲೆಕ್ಕ ತೋರಿಸುತ್ತವೆ: ಒಂದು ಬಾರ್ ಎಂದರೆ 14.5 ಪಿಎಸ್‌ಐ, ಆದ್ದರಿಂದ ಮುಂದೆ 2.2, ಹಿಂದೆ 2.5.

ಇವು ಆರಂಭದ ಅಂಕಿಗಳು, ಪರೀಕ್ಷೆ ಇನ್ನೂ ಬಾಕಿ. ಸಾಮಾನೆಲ್ಲ ಕಟ್ಟಿ ಸೈಕಲ್ ಮೇಲೆ ಕೂರಿರಿ, ಜೊತೆಗಿದ್ದವರು ಬಗ್ಗಿ ಹಿಂದಿನ ಟೈರು ನೋಡಲಿ. ನೆಲ ಮುಟ್ಟುವ ಜಾಗದಲ್ಲಿ ಕೊಂಚವೇ ಉಬ್ಬಿರಬೇಕು. ಆಮೇಲೆ ನಡಿಗೆಯ ವೇಗದಲ್ಲಿ ಒಂದು ಬೇರಿನ ಮೇಲೆ ಹಾಯಿಸಿ. 'ಟಣ್' ಎಂದು ರಿಮ್ ಬಡಿದ ಸದ್ದಾದರೆ ಎರಡು ಪಿಎಸ್‌ಐ ಸೇರಿಸಿ, ಸದ್ದು ನಿಲ್ಲುವವರೆಗೆ. ಸದ್ದು ಕೇಳಿಯೂ ಸುಮ್ಮನೆ ಹೋದರೆ ರಿಮ್ ಮತ್ತು ಬೇರಿನ ನಡುವೆ ಟ್ಯೂಬ್ ಸಿಕ್ಕಿ ಅಕ್ಕಪಕ್ಕ ಎರಡು ತೂತು ಬೀಳುತ್ತವೆ. ಗಾಳಿ ಇಳಿಸಿ ಎಂದೆನೆಂದು ತೀರಾ ಇಳಿಸಿದವರಿಗೆ ಆಗುವುದು ಇದೇ.

ವಾಲ್ವ್ ವಿಷಯದಲ್ಲೂ ಎಡವುತ್ತಾರೆ. ಇಲ್ಲಿನ ಹೆಚ್ಚಿನ ಸೈಕಲ್‌ಗಳಲ್ಲಿ ಇರುವುದು ತೆಳ್ಳನೆಯ ಪ್ರೆಸ್ಟಾ ವಾಲ್ವ್. ಮುಚ್ಚಳ ತೆಗೆದ ಮೇಲೆ ತುದಿಯಲ್ಲಿ ಜೋಳದ ಕಾಳಿನಷ್ಟು ಪುಟ್ಟ ಹಿತ್ತಾಳೆ ತಿರುಪು ಕಾಣುತ್ತದೆ. ಅದನ್ನು ಕೊನೆಯವರೆಗೆ ಸಡಿಲಿಸಿ, ಬೆರಳಿನಿಂದ ಒಮ್ಮೆ ಒತ್ತಿ 'ಸುಸ್' ಎನ್ನಿಸಿ, ಆಮೇಲೆ ಪಂಪು ಹಾಕಿ. ಸಡಿಲಿಸದೆ ಹೊಡೆದರೆ ಗಾಳಿ ಹೋಗುವುದಿಲ್ಲ, ಜೋರು ಮಾಡಿದರೆ ಕಡ್ಡಿ ಬಾಗಿ ಮುರಿಯುತ್ತದೆ. ಪಂಪನ್ನು ಓರೆಯಾಗಿ ಎಳೆಯದೆ ನೇರ ಹೊರಗೆ ತೆಗೆಯಿರಿ. ಮತ್ತೆ ಬಿಗಿ ಮಾಡಲು ಮರೆಯಬೇಡಿ.

ಕೈಪಂಪಿಗೆ ಅಂಟಿಸಿರುವ ಪುಟ್ಟ ಮೀಟರನ್ನು ನಂಬಬೇಡಿ. ಬೇರೆ ಮೀಟರ್ ಒಂದನ್ನು ಕೊಂಡು ಜೇಬಿನಲ್ಲಿಡಿ. ಬೆಳಗ್ಗೆ ನೆರಳಿನಲ್ಲಿ ಅಳೆಯಿರಿ, ಬಿಸಿಲಿಗೆ ಕಾದ ಟೈರು ಹೆಚ್ಚು ತೋರಿಸುತ್ತದೆ.

ಐದು: ಬೇರು ದಾಟುವುದು. ಮರ ಹೋದರೂ ಬೇರು ಉಳಿದಿದೆ, ಕೆಲವು ಕಡೆ ಮೊಣಕೈ ದಪ್ಪಕ್ಕೆ ದಾರಿಯ ಮೇಲೆ ಎದ್ದಿವೆ. ಓರೆಯಾಗಿ ಹತ್ತಿದರೆ ಚಕ್ರ ಜಾರುತ್ತದೆ. ಬೇರಿಗೆ ನೇರ ಅಡ್ಡವಾಗಿ ಬನ್ನಿ. ಬ್ರೇಕ್ ಹಾಕುವುದಿದ್ದರೆ ಬೇರಿಗೆ ಮುಂಚೆ ಹಾಕಿ ಬಿಟ್ಟುಬಿಡಿ. ಎರಡೂ ಪೆಡಲ್ ಸಮನಾಗಿರಲಿ, ಸೀಟಿನಿಂದ ಒಂದು ಗೇಣು ಏಳಿ, ಮೊಣಕೈ ಮಡಚಿ. ಹ್ಯಾಂಡಲನ್ನು ಹಕ್ಕಿಮರಿ ಹಿಡಿದಂತೆ ಹಿಡಿದರೆ ಸಾಕು. ಸೀಟಿನ ಮೇಲೆ ಜೆಲ್ ಕವರ್ ಹಾಕಿಕೊಂಡು ಕೂತೇ ಹೋಗುತ್ತೇನೆ ಎನ್ನುವವರು ಆ ದುಡ್ಡಿಗೆ ಒಳ್ಳೆಯ ಪ್ಯಾಡ್ ಇರುವ ಚಡ್ಡಿ ಕೊಳ್ಳಲಿ. ಕವರ್ ಅರ್ಧ ಗಂಟೆಯಲ್ಲಿ ಒಂದು ಪಕ್ಕಕ್ಕೆ ಜಾರಿ ತೊಡೆ ಉಜ್ಜುತ್ತದೆ. ನೀರಿನ ಕಡೆ ಕಟಕಟೆಯಿಲ್ಲ. ನಿಲ್ಲಿಸುವಾಗ ಕಾಲನ್ನು ಯಾವಾಗಲೂ ನೀರಿಲ್ಲದ ಬದಿಗೆ ಊರಿ.

ಮಳೆ ಬಿದ್ದ ಮರುದಿನ ಹೊರಡಲೇಬೇಡಿ. ನಮ್ಮ ಎರೆ ಹೊಲದಲ್ಲಿ ಗಾಡಿ ಚಕ್ರಕ್ಕೆ ಮೆತ್ತುವಂತೆ ಇಲ್ಲಿನ ಜೇಡಿ ಮಡ್‌ಗಾರ್ಡ್ ಒಳಗೆ ಗಿಡಿದುಕೊಂಡು ಚಕ್ರ ತಿರುಗುವುದೇ ನಿಲ್ಲುತ್ತದೆ.

ಅಡ್ಡದಾರಿಯ ಆಸೆಯೂ ಬೇಡ. ತ್ರೆಬ್‌ನಿಂದ ಓಮ್ಸ್ ಕಡೆಗೆ ಡಿ610 ರಸ್ತೆ ಕಾಲುವೆಯ ಸಮೀಪವೇ ಓಡುತ್ತದೆ, ಬೇರುಗಳಿಗೆ ಬೇಸತ್ತವರು ಅದಕ್ಕೆ ಹಾರುತ್ತಾರೆ. ಹತ್ತು ನಿಮಿಷಕ್ಕೆ ಲಾರಿ ಗಾಳಿಗೆ ತತ್ತರಿಸಿ ಮರಳಿ ಬರುತ್ತಾರೆ.

ಆರು: ದ್ರಾಕ್ಷಿ ತೋಟದೊಳಗೆ. ಮಿನೆರ್ವುವಾ ಸೀಮೆಯ ತೋಟಗಳು ದಾರಿಗೆ ಅಂಟಿಕೊಂಡೇ ಇವೆ. ಹಣ್ಣು ಕೀಳಬೇಡಿ. ಕಳವು ಎನ್ನುವುದು ಒಂದು, ಔಷಧ ಹೊಡೆದಿರುತ್ತಾರೆ ಎನ್ನುವುದು ಇನ್ನೊಂದು. ಕೆಲವು ಎಲೆಗಳ ಮೇಲೆ ನೀಲಿ ಕಲೆ ಕಾಣುತ್ತದೆ. ನನ್ನ ಭಾವಮೈದುನ ಅಂಗೈ ನೋವು ಮರೆತು ಬಗ್ಗಿ ನೋಡಿ, "ಬೋರ್ಡೋ ಅಲ್ಲವೇ ಇದು!" ಎಂದ. ಹೌದು, ಅಡಿಕೆ ಕೊನೆಗೆ ನಾವು ಹೊಡೆಯುವ ಅದೇ ಮೈಲುತುತ್ತು, ಸುಣ್ಣ. 1880ರ ದಶಕದಲ್ಲಿ ಇದೇ ದೇಶದ ಬೋರ್ಡೋ ಸೀಮೆಯ ದ್ರಾಕ್ಷಿಗೆಂದು ಹುಟ್ಟಿದ ಮದ್ದು. ಟ್ರ್ಯಾಕ್ಟರ್ ಸಿಂಪಡಿಸುತ್ತಿದ್ದರೆ ಗಾಳಿಯ ಮೇಲ್ಬದಿಯಲ್ಲಿ ಕಾದು ನಿಲ್ಲಿ. ಕೊಯ್ಲಿನ ದಿನಗಳಲ್ಲಿ ಬಳ್ಳಿಸಾಲಿನ ಮೇಲೆ ಕಾಲಗಲಿಸಿ ನಡೆಯುವ ಎತ್ತರದ ಯಂತ್ರ ಎದುರಾಗುತ್ತದೆ, ಅದಕ್ಕೂ ದಾರಿ ಬಿಡಿ. ತೋಟದ ಮನೆಗಳಲ್ಲಿ ವೈನ್ ರುಚಿ ನೋಡಲು ಕೊಡುತ್ತಾರೆ. ಲೀಟರ್ ರಕ್ತಕ್ಕೆ 0.5 ಗ್ರಾಂ ಎಂಬ ಮದ್ಯದ ಮಿತಿ ಸೈಕಲ್ ಸವಾರರಿಗೂ ಅನ್ವಯ. ಸೈಕಲ್ ಮೇಲೆ ಕಿವಿಗೆ ಇಯರ್‌ಫೋನ್ ಹಾಕುವುದೂ ಕಾನೂನಿಗೆ ವಿರುದ್ಧ. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಹೆಲ್ಮೆಟ್ ಕಡ್ಡಾಯ.

ಆರ್ಜಾನ್ ದಾಟಿದ ಮೇಲೆ ಬೆಜಿಯೇವರೆಗೆ ಸುಮಾರು 54 ಕಿಲೋಮೀಟರ್ ಕಾಲುವೆಗೆ ಒಂದೂ ಲಾಕ್ (ದೋಣಿಗಳನ್ನು ಏರಿಸಿ ಇಳಿಸುವ ಬಾಗಿಲಿನ ತೊಟ್ಟಿ) ಇಲ್ಲ, ಅಂದರೆ ನೀರು ಒಂದೇ ಮಟ್ಟ, ದಾರಿಯೂ ಬಹುತೇಕ ಸಪಾಟು. ಮಾಲ್ಪಾಸ್‌ನಲ್ಲಿ ಕಾಲುವೆ ಗುಡ್ಡದೊಳಗೆ 165 ಮೀಟರ್ ನುಗ್ಗುತ್ತದೆ. ನೀವು ಗುಡ್ಡದ ಮೇಲಿಂದ ಹೋಗಿ. ಕೊನೆಗೆ ಫೊನ್ಸೆರಾನ್, ಎಂಟು ತೊಟ್ಟಿಗಳ ನೀರಿನ ಮೆಟ್ಟಿಲು. ದೋಣಿಗಳು ತೊಟ್ಟಿಯಿಂದ ತೊಟ್ಟಿಗೆ ಇಳಿಯುವುದನ್ನು ನೋಡುತ್ತ ಅರ್ಧ ದಿನ ಕಳೆಯಬಹುದು. ಅಲ್ಲಿಂದ ಕಡಲಿನ ಕಡೆ ಮುಂದುವರಿಯುವವರಿಗೆ ಬೆಜಿಯೇ ಆಚೆ ಡಾಂಬರು ಸಿಗುತ್ತದೆ. ಈಗ ಪಂಪು ಹೊರಗೆ ತೆಗೆದು ಹಿಂದಿನ ಟೈರಿಗೆ 45ರವರೆಗೆ ಹೊಡೆಯಿರಿ. ತಿರುಪು ಸಡಿಲಿಸಿದ ಮೇಲೆ.